ಮೃಗಯಾವರ್ಣನೆಯೂ ಕಾವಲಿನ ಜನರೂ

ಮಹಾಕಾವ್ಯದಲ್ಲಿ ಬರತಕ್ಕ ವರ್ಣನೆಗಳನ್ನು ಎಣಿಸುವಾಗ ದಂಡಿಯು ಬೇಟೆಯನ್ನು ಹೇಳಲಿಲ್ಲ. ಅನೇಕ ಶತಮಾನಗಳ ತರುವಾಯ ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಮೃಗಯೆಯನ್ನೂ ಆ ಪಟ್ಟಿಯಲ್ಲಿ ಸೇರಿಸಿದನು. ಲಕ್ಷಣಕಾರರು ಒಪ್ಪುವವರೆಗೆ ಕವಿಗಳು ಕಾದುಕೊಂಡಿರಲಿಲ್ಲವೆಂಬುದು ಸಹೃದಯರಿಗೆ ತಿಳಿದೇ ಇದೆ. ಕಾಳಿದಾಸನ ನಾಟಕವು ಬಾಣ ಹೂಡಿದ ಅರಸನಿಂದಲೇ ಮೊದಲಾಗುತ್ತದೆ. ಕನ್ನಡದಲ್ಲಿ ರಾಘವಾಂಕನ ಹರಿಶ್ಚಂದ್ರನ ಬೇಟೆಯನ್ನು ಓದದ ಮನೆ ವಿರಳ. ಆದರೆ ಈ ವರ್ಣನೆಗಳಲ್ಲಿ ಮೃಗವನ್ನು ಕೊಲ್ಲುವವನು ಯಾರೆಂಬುದು ಎಷ್ಟು ಸ್ಫುಟವಾಗಿದೆಯೋ, ಅದನ್ನು ಉಳಿಸುವವನು ಯಾರೆಂಬುದು ಅಷ್ಟು ಸ್ಫುಟವಾಗಿಲ್ಲ. ವನ್ಯಪ್ರಾಣಿಗಳ ರಕ್ಷಣೆಯಲ್ಲಿ ನೆರೆಯ ಹಳ್ಳಿಗರಿಗೆ ಪಾಲಿರಬೇಕೆಂದು ಪ್ರಪಂಚದ ನಾನಾ ಕಡೆ ಮಾತು ನಡೆದಿರುವ ಈ ಕಾಲದಲ್ಲಿ, ಕಾವ್ಯವನ್ನು ಈ ದೃಷ್ಟಿಯಿಂದ ಒಮ್ಮೆ ಶೋಧಿಸುವುದು ಅನುಚಿತವಾಗಲಾರದು.

ಶಾಕುಂತಲದಲ್ಲಿ ದುಷ್ಯಂತನನ್ನು ತಡೆಯುವವರು ತಪಸ್ವಿಗಳು. ಇದು ಆಶ್ರಮದ ಮೃಗ, ಕೊಲ್ಲತಕ್ಕದ್ದಲ್ಲ ಎಂದು ಅವರು ಹೇಳಿದೊಡನೆ ಅರಸನು ಬಾಣವನ್ನು ಹಿಂದೆಗೆಯುತ್ತಾನೆ. ರಘುವಂಶದ ಒಂಬತ್ತನೆಯ ಸರ್ಗದಲ್ಲಿಯಾದರೆ ತಡೆಯುವವರೇ ಇಲ್ಲ. ಗಂಡುಜಿಂಕೆಗೆ ಅಡ್ಡವಾಗಿ ತನ್ನ ಮೈಯನ್ನೊಡ್ಡಿ ನಿಂತ ಹೆಣ್ಣನ್ನು ಕಂಡು ದಶರಥನು ತಾನಾಗಿಯೇ ಮರುಗುತ್ತಾನೆ. ಎರಡೂ ರಮಣೀಯವಾದ ಸಂದರ್ಭಗಳು. ಆದರೂ ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕಣ್ವಾಶ್ರಮದ ಋಷಿಗಳಿಗೆ ಹೊಲವಿಲ್ಲ, ಬೆಳೆಯಿಲ್ಲ, ಕಂದಾಯವಿಲ್ಲ. ಜಿಂಕೆಯು ಮೇಯುವುದು ತಾನಾಗಿ ಬೆಳೆದ ಹುಲ್ಲನ್ನು. ಶಕುಂತಲೆಯು ಅದಕ್ಕೆ ಹಿಡಿ ಹಿಡಿಯಾಗಿ ತಿನ್ನಿಸಿದ ಶ್ಯಾಮಾಕವು ಯಾವ ರೈತನ ಕಣಜದಿಂದಲೂ ಬಂದುದಲ್ಲ. ಅರಸನು ಕಳೆದುಕೊಳ್ಳುವುದು ಒಂದು ದಿನದ ವಿನೋದವನ್ನು ಮಾತ್ರ. ವೆಚ್ಚವಿಲ್ಲದ ದಯೆಯನ್ನು ಚಿತ್ರಿಸುವುದರಲ್ಲಿ ಸಂಸ್ಕೃತಕವಿಗಳು ಅದ್ವಿತೀಯರು. ವೆಚ್ಚವುಳ್ಳ ದಯೆಯ ಕಡೆಗೆ ಅವರ ದೃಷ್ಟಿ ಹೆಚ್ಚಾಗಿ ಹೋಗಲಿಲ್ಲ.

ಈ ವಿಷಯದಲ್ಲಿ ರಾಘವಾಂಕನಿಗೆ ಸಲ್ಲಬೇಕಾದ ಪ್ರಶಂಸೆ ಸಂದಿಲ್ಲವೆಂದೇ ಹೇಳಬೇಕಾಗಿದೆ. ಅವನ ಹರಿಶ್ಚಂದ್ರನು ವಿನೋದಕ್ಕಾಗಿ ಕಾಡಿಗೆ ಹೊರಟವನಲ್ಲ. ವಿಶ್ವಾಮಿತ್ರನು ಸೃಷ್ಟಿಸಿದ ಮೃಗಪಕ್ಷಿಗಳ ಹಾವಳಿಯನ್ನು ತಾಳಲಾರದೆ ಪ್ರಜೆಗಳು ಬಂದು ಮೊರೆಯಿಟ್ಟದ್ದರಿಂದ ಅವನು ಹೊರಡುತ್ತಾನೆ. ಪೈರು ಹಾಳಾದ ರೈತನ ಕೂಗು ಕಾವ್ಯದೊಳಗೆ ಕೇಳುವುದು ಇಲ್ಲಿ. ಬೇಟೆಯ ಸಡಗರದಲ್ಲಿ ಆ ಕೂಗು ಬೇಗನೆ ಮುಚ್ಚಿಹೋಗುತ್ತದೆ, ನಿಜ. ರೈತನಿಗೂ ಮೃಗಕ್ಕೂ ನಡುವೆ ಕೊಲೆಯ ಹೊರತು ಬೇರೊಂದು ಒಡಂಬಡಿಕೆ ಸಾಧ್ಯವೆಂಬ ಯೋಚನೆ ಆ ಕವಿಗೂ ಹೊಳೆಯಲಿಲ್ಲ.

ಅಂತಹ ಒಡಂಬಡಿಕೆಯೊಂದು ಕನ್ನಡನಾಡಿನಲ್ಲಿ ಪ್ರತ್ಯಕ್ಷವಾಗಿದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರ ನಡುವಿನ ಹುಣಿಸೆ, ಆಲ, ಅರಳಿ ಮರಗಳಲ್ಲಿ ಗೂಡು ಕಟ್ಟುತ್ತವೆ. ಅವನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಆ ಊರಿನವರು ಭಾವಿಸುತ್ತಾರೆ. ಅರಣ್ಯಾಧಿಕಾರಿಗಳಾಗಿದ್ದ ಎಸ್. ಜಿ. ನೇಗಿನಹಾಳರು 1976ರಲ್ಲಿ ಈ ಊರನ್ನು ಹೊರಗಿನವರ ಗಮನಕ್ಕೆ ತಂದರು. ಹಕ್ಕಿಗಳಿರುವ ಮರದ ಹುಣಿಸೆಯನ್ನು ಒಡೆಯನು ಬಡಿಯಲಾರನಷ್ಟೆ; ಆ ನಷ್ಟಕ್ಕೆ ಸರ್ಕಾರದಿಂದ ಪರಿಹಾರ ಕೊಡುವ ಏರ್ಪಾಡಾಯಿತು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಸಾಕಲು ಊರಿನ ತರುಣರು ಹೆಜ್ಜಾರ್ಲೆ ಬಳಗವೆಂದು ಸೇರಿಕೊಂಡರು. 2002ರ ತಿದ್ದುಪಡಿಯಿಂದ ವನ್ಯಜೀವಿ ಕಾಯಿದೆಯಲ್ಲಿ ಸಮುದಾಯ ಮೀಸಲು ಎಂಬ ಪ್ರಕಾರವು ಬಂದಿತು. 2007ರಲ್ಲಿ ಬೆಳ್ಳೂರು ಅದರಲ್ಲಿ ಸೇರಿತು. ತವರಿಗೆ ಬಂದ ಮಗಳೆಂಬ ಆ ಹೋಲಿಕೆಯ ಔಚಿತ್ಯವನ್ನು ಅಲಂಕಾರಜ್ಞರು ಗಮನಿಸಬೇಕು. ಬಾಣಂತನಕ್ಕೆ ಖರ್ಚುಂಟು, ಮನೆಯವರಿಗೆ ತೊಂದರೆಯುಂಟು, ಆದರೂ ಮಗಳನ್ನು ಬೇಡವೆನ್ನುವವರಿಲ್ಲ. ಲಕ್ಷಣಗ್ರಂಥವನ್ನು ಕಾಣದವರ ಬಾಯಲ್ಲಿ ಇಷ್ಟು ನಿರ್ದುಷ್ಟವಾದ ರೂಪಕವು ಹುಟ್ಟಿದೆ.

ಆಫ್ರಿಕಾಖಂಡದಲ್ಲಿ ಇದೇ ವಿಚಾರವು ರಾಜ್ಯನೀತಿಯಾಗಿ ಬೆಳೆದಿದೆ. ನಮೀಬಿಯಾ ದೇಶವು 1996ರಲ್ಲಿ ಕಾನೂನು ಮಾಡಿ, ಹಳ್ಳಿಗರು ಸಂಘ ಕಟ್ಟಿಕೊಂಡು ತಮ್ಮ ನೆಲದ ಮೃಗಗಳನ್ನು ಕಾಯುವುದಕ್ಕೂ ಅದರಿಂದ ಬರುವ ಆದಾಯವನ್ನು ತಾವೇ ಪಡೆಯುವುದಕ್ಕೂ ಅಧಿಕಾರವನ್ನು ಕೊಟ್ಟಿತು. ಅಂತಹ ಸಂಘಗಳು ಈಗ 80ಕ್ಕೂ ಮಿಕ್ಕು ಇವೆ. ದೇಶದ ಸುಮಾರು ಐದರಲ್ಲಿ ಒಂದು ಪಾಲು ನೆಲ ಅವುಗಳ ವಶದಲ್ಲಿದೆ. ಈ ಕ್ರಮವನ್ನು ಕಣ್ಣಾರೆ ಕಂಡು ಕಲಿಯಲು ದೂರದೇಶದ ವಿದ್ಯಾರ್ಥಿಗಳು ಆಫ್ರಿಕಾಕ್ಕೆ ಸಫಾರಿ ಹೋಗುವುದೂ ಈಗ ಉಂಟು. ಸಫಾರಿಯೆಂಬುದು ಸ್ವಾಹಿಲೀ ಮಾತು. ಅರಬ್ಬಿಯ ಸಫರದಿಂದ ಹುಟ್ಟಿದುದು. ಪ್ರಯಾಣವೆಂದಷ್ಟೇ ಅದರ ಅರ್ಥ. ಈ ಹೆಸರಿನ ಪ್ರವಾಸಕಥನಗಳು ಕನ್ನಡದಲ್ಲಿಯೂ ಬರುತ್ತಿವೆ. ಅವುಗಳಲ್ಲಿ ಬಹುಪಾಲು ಕಥನಗಳ ದೋಷವು ಮೃಗಯಾವರ್ಣನೆಯ ದೋಷವೇ ಆಗಿದೆ. ಬಾಣದ ಸ್ಥಾನದಲ್ಲಿ ಕ್ಯಾಮರಾ ಬಂದಿದೆ. ಸಿಂಹವೆಷ್ಟು ಆನೆಯೆಷ್ಟು ಎಂಬ ಲೆಕ್ಕವಿದೆ. ಆ ಸಿಂಹದ ಬಾಯಿಗೆ ದನವನ್ನು ಕೊಟ್ಟ ಮನೆಯ ಸುದ್ದಿ ಇಲ್ಲ.

ಈ ದೋಷಕ್ಕೆ ಸಿಕ್ಕದ ಗ್ರಂಥವೆಂದರೆ ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ಪ್ರಕಟಿಸಿದ ‘ಕರ್ವಾಲೊ’. ಹಾರುವ ಓತಿಯನ್ನು ಹುಡುಕಿ ಹೊರಡುವ ವಿಜ್ಞಾನಿಗೆ ಅದನ್ನು ಕಂಡು ಹೇಳಿದವನು ಮಂದಣ್ಣ. ಜೇನು ಹಿಡಿಯುವ, ಊರಿನವರ ಲೆಕ್ಕಕ್ಕೆ ಬಾರದ ಮನುಷ್ಯ. ಕರ್ವಾಲೊ ಅವನನ್ನು ಗೌರವಿಸುವ ರೀತಿಯಲ್ಲಿ ದಯಾಪ್ರದರ್ಶನದ ಸೋಂಕಿಲ್ಲ. ಅವನಿಲ್ಲದೆ ತನ್ನ ವಿದ್ಯೆ ಕುಂಟೆಂಬ ಅರಿವಿದೆ. ಕಥೆಯ ಮಧ್ಯದಲ್ಲಿ ಹಾಸ್ಯವು ಅಗತ್ಯಕ್ಕಿಂತ ಹೆಚ್ಚಾಗಿ ಹರಡಿದೆಯೆಂಬ ಆಕ್ಷೇಪಕ್ಕೆ ಎಡೆಯುಂಟು. ಆದರೆ ಪಂಡಿತನನ್ನೂ ಹಳ್ಳಿಗನನ್ನೂ ಒಂದೇ ಹಾದಿಯಲ್ಲಿ ನಡೆಸಿ, ಕೊನೆಗೆ ಇಬ್ಬರ ಕೈಗೂ ಓತಿಯನ್ನು ಸಿಕ್ಕಿಸದ ಆ ಮುಕ್ತಾಯವು ಶಾಂತರಸಕ್ಕೆ ಒಳ್ಳೆಯ ಉದಾಹರಣೆ.

ಇಷ್ಟನ್ನು ಹೇಳಿದ ಮೇಲೆ ಚಿತ್ರದುರ್ಗದ ಸೀಮೆಯ ಕಡೆಗೆ ತಿರುಗಬೇಕು. ರಾಂಪುರದ ಆಸುಪಾಸಿನಲ್ಲಿಯೇ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರಗಳಿವೆ. ಅಲ್ಲಿಯ ಅಶೋಕಶಾಸನಗಳನ್ನು ರೈಸ್ ಸಾಹೇಬರು 1892ರಲ್ಲಿ ಬೆಳಕಿಗೆ ತಂದರು. ತಾಯಿತಂದೆಗಳ ಸೇವೆಯನ್ನೂ ಸತ್ಯವನ್ನೂ ವಿಧಿಸುವ ಆ ಶಾಸನವು ಪ್ರಾಣಿಗಳಲ್ಲಿ ದಾರ್ಢ್ಯವಿರಬೇಕೆನ್ನುತ್ತದೆ. ದಯೆಯಲ್ಲಿ ದಾರ್ಢ್ಯವೆಂದು ವಿದ್ವಾಂಸರು ಅದನ್ನು ವಿವರಿಸುತ್ತಾರೆ. ಈ ಪದಪ್ರಯೋಗವು ಸಾಮಾನ್ಯವಾದುದಲ್ಲ. ದಯೆ ಯಾರಲ್ಲಿಯೂ ಹುಟ್ಟಬಹುದು. ಅದು ಗಟ್ಟಿಯೋ ಅಲ್ಲವೋ ಎಂಬುದು ಶೇಂಗಾ ಹೊಲಕ್ಕೆ ಜಿಂಕೆ ನುಗ್ಗಿದ ದಿನ ತಿಳಿಯುತ್ತದೆ. ಜಟಿಂಗ ರಾಮೇಶ್ವರವಾದರೋ ಜಟಾಯು ಬಿದ್ದ ಸ್ಥಳವೆಂದು ಜನರು ನಂಬಿದ ಬೆಟ್ಟ. ಕೃಷ್ಣಮೃಗವು ತಾನಾಗಿ ಸಂಚರಿಸುವ ನೆಲವೇ ಯಜ್ಞಕ್ಕೆ ಯೋಗ್ಯವೆಂದು ಮನುವು ಹೇಳಿದನಷ್ಟೆ. ಆ ಲಕ್ಷಣವು ಚಳ್ಳಕೆರೆಯ ಕಾವಲುಗಳಿಗೆ ಅಕ್ಷರಶಃ ಒಪ್ಪುತ್ತಿದ್ದಿತು.

ಆ ಕಾವಲುಗಳಲ್ಲಿ ಅಮೃತಮಹಲಿನ ದನ, ಮ್ಯಾಸನಾಯಕರ ದೇವರ ಎತ್ತು, ಕುರುಬರ ಕುರಿ, ಕೃಷ್ಣಮೃಗ ಎಲ್ಲವೂ ಒಂದೇ ಹುಲ್ಲನ್ನು ಹಂಚಿಕೊಂಡಿದ್ದವು. ದೇವರ ಎತ್ತುಗಳನ್ನು ನೇಗಿಲಿಗೆ ಕಟ್ಟುವಂತಿಲ್ಲ. ಕಿಲಾರಿಗಳು ಅವುಗಳ ಹಿಂದೆ ಬಯಲಿನಲ್ಲಿಯೇ ಬಾಳುತ್ತಾರೆ. ಬೇಡರೆಂಬ ಹೆಸರೇ ಬೇಟೆಯಿಂದ ಬಂದುದಾಗಿರಲು, ಅವರನ್ನು ಅಹಿಂಸಾವ್ರತಿಗಳೆಂದು ಹೊಗಳುವುದು ಕೇವಲ ಮುಖಸ್ತುತಿಯಾದೀತು. ಅವರು ಕಾಯ್ದುದು ಮೃಗವನ್ನಲ್ಲ, ಹುಲ್ಲನ್ನು. ಹುಲ್ಲು ಉಳಿದುದರಿಂದ ಮೃಗವೂ ಉಳಿಯಿತು. ಕಾಡುಗೊಲ್ಲರು ಗಣೆಯೂದಿ ಹಾಡುವ ಜುಂಜಪ್ಪನ ಕಥೆಯಲ್ಲಿಯೂ ಸಂಪತ್ತೆಂದರೆ ದನದ ಮಂದೆ. ವೆಚ್ಚವುಳ್ಳ ದಯೆಯನ್ನು ಶಿಷ್ಟಕಾವ್ಯದಲ್ಲಿ ಹುಡುಕಿ ಬಳಲಿದ ವಾಚಕನಿಗೆ ಅದು ದೊರೆಯುವುದು ಈ ಹಾಡುಗಳ ಜಗತ್ತಿನಲ್ಲಿ.

ಆದರೆ 2008ರಿಂದೀಚೆಗೆ ಚಳ್ಳಕೆರೆ ತಾಲ್ಲೂಕಿನ ಸುಮಾರು 10,000 ಎಕರೆ ಕಾವಲು ರಕ್ಷಣಾಶೋಧನೆ, ಅಣುಶಕ್ತಿ, ಅಂತರಿಕ್ಷ, ವಿಜ್ಞಾನಮಂದಿರ ಮೊದಲಾದ ಸಂಸ್ಥೆಗಳಿಗೆ ಹಂಚಿಹೋಯಿತು. ತಮ್ಮನ್ನು ಕೇಳಲಿಲ್ಲವೆಂದು ಹಳ್ಳಿಗರು ದೂರಿದರು. 2013ರಲ್ಲಿ ವಿವಾದವು ಹಸಿರು ನ್ಯಾಯಪೀಠದ ಮುಂದೆ ವಿಚಾರಣೆಗೆ ಬಂದಿತು. ಆ ಸಂಸ್ಥೆಗಳ ಕಾರ್ಯವು ದೇಶಕ್ಕೆ ಬೇಡವೆಂದು ಯಾರೂ ಹೇಳುವುದಿಲ್ಲ. ಬೆಳ್ಳೂರಿನ ಹುಣಿಸೆಮರದ ಒಡೆಯನನ್ನು ಕೇಳಿ ನಡೆಸಿದಂತೆ ಇಲ್ಲಿಯ ಕಿಲಾರಿಯನ್ನೂ ಕೇಳಬಹುದಾಗಿದ್ದಿತು ಎಂಬುದೇ ಮಾತು. ಬೇಲಿಯ ಒಳಗೆ ಸೇರಿದುದು ನೆಲ ಮಾತ್ರವಲ್ಲ. ಹಾಡುಗಳಿಗೆ ಅರ್ಥವನ್ನು ಕೊಡುತ್ತಿದ್ದ ಹುಲ್ಲು, ಹಳ್ಳ, ಮಂದೆ ನಿಲ್ಲಿಸುವ ತಾಣ ಇವೂ ಸೇರಿದವು.

ಆದುದರಿಂದ ಜನಪದ ಕಾವ್ಯಗಳನ್ನು ಸಂಗ್ರಹಿಸುವ ವಿದ್ವಾಂಸರು ಪದ್ಯವನ್ನು ಅಚ್ಚಿಗೆ ಇಳಿಸಿದರಷ್ಟೇ ಸಾಲದು. ಪ್ರಾಚೀನಕಾವ್ಯಕ್ಕೆ ಟೀಕೆ ಬರೆಯುವಷ್ಟೇ ಶ್ರದ್ಧೆಯಿಂದ, ಹಾಡಿನಲ್ಲಿ ಬರುವ ಹುಲ್ಲು ಯಾವುದು, ಕಾವಲು ಎಲ್ಲಿಯದು, ಬರಗಾಲದಲ್ಲಿ ಮಂದೆ ಯಾವ ದಾರಿಯಾಗಿ ಹೋಗುತ್ತಿದ್ದಿತು ಎಂಬುದನ್ನು ಕೇಳಿ ಬರೆದುಕೊಳ್ಳಬೇಕು. ಕುದಾಪುರ, ಉಳ್ಳಾರ್ತಿಗಳ ಕಡೆಯ ಹಳೆಯ ಕಿಲಾರಿಗಳಿಗೂ ದನಗಾಹಿಗಳಿಗೂ ಆ ಹೆಸರುಗಳು ಇನ್ನೂ ನೆನಪಿನಲ್ಲಿವೆ.