ನಾಯಿ ಇದೆ, ಎಚ್ಚರಿಕೆ: ಯಾರಿಗೆ?

ನಮ್ಮ ಬೀದಿಗೆ ಬೆಳಗಿನ ಆರೂವರೆಗೆ ಹೂ ತರುವ ಅಮ್ಮನೊಬ್ಬರಿದ್ದಾರೆ. ಮೊಳ ಹಾಕಿ ಅಳೆದು, ಎಲೆಯಲ್ಲಿ ಸುತ್ತಿ, ಮನೆಮನೆಯ ಗೇಟಿನ ಕಂಬಿಗೆ ಸಿಕ್ಕಿಸಿ ಮುಂದೆ ಹೋಗುವುದು ಅವರ ಕ್ರಮ. ಕಳೆದ ವರ್ಷ ಒಂದು ಗೇಟಿನೊಳಗೆ ಕೈಚಾಚಿದಾಗ ಆ ಮನೆಯ ನಾಯಿ ಅವರ ಮುಂಗೈಗೆ ಬಾಯಿ ಹಾಕಿತು. ಚರ್ಮ ಹರಿದು ರಕ್ತ ಸುರಿಯುತ್ತಿತ್ತು. ನಲ್ಲಿಯ ಕೆಳಗೆ ಕೈ ಹಿಡಿಸಿ ಸೋಪಿನಲ್ಲಿ ತೊಳೆಸುತ್ತಾ ನಾನು ಮನೆಯವರನ್ನು ಕೇಳಿದ್ದು ಒಂದೇ ಮಾತು: ‘ನಾಯಿಗೆ ರೇಬಿಸ್ ಲಸಿಕೆ ಹಾಕಿಸಿದ ಚೀಟಿ ಇದೆಯಾ?’ ಒಳಗೆ ಹೋಗಿ ಹುಡುಕಿದರು. ಸಿಗಲಿಲ್ಲ. ಅವರೂ ಗಾಬರಿಯಾಗಿದ್ದರು, ಗೇಟಿನ ಕಡೆ ಕೈ ತೋರಿಸಿ, ‘ಬೋರ್ಡು ಹಾಕಿದ್ದೀವಲ್ಲ ಸಾರ್’ ಎಂದರು.

ಹೂವಮ್ಮನಿಗೆ ಓದು ಬರುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಚುಚ್ಚಿದರು. ಅಂದು ಒಂದು ಲಸಿಕೆ. ಆಮೇಲೆ 3ನೇ ದಿನ, 7ನೇ ದಿನ, 28ನೇ ದಿನ ಮತ್ತೆ ಒಂದೊಂದು. ನಾಲ್ಕು ಬೆಳಗಿನ ವ್ಯಾಪಾರ ಹೋಯಿತು. ‘ನಾಯಿ ಇದೆ, ಎಚ್ಚರಿಕೆ’ ಎಂಬ ಆ ಫಲಕವನ್ನು ಅಲ್ಲಿಂದೀಚೆಗೆ ನಾನು ನೋಡುವ ರೀತಿಯೇ ಬೇರೆಯಾಗಿದೆ. ಅದರಲ್ಲಿ ನಾಯಿಯ ಪ್ರಸ್ತಾಪವಿದೆ, ಹೊರಗಿನಿಂದ ಬರುವವರ ಜವಾಬ್ದಾರಿಯ ಪ್ರಸ್ತಾಪವಿದೆ. ಸಾಕಿದವರ ಮಾತೇ ಇಲ್ಲ. ನಾಯಿ ಸಾಕಣೆಯ ಬಗ್ಗೆ ನಮ್ಮ ಪಾಲಿಕೆ, ನಮ್ಮ ಸರ್ಕಾರಗಳು ಬರೆದ ನಿಯಮಗಳನ್ನು ಒಂದೊಂದಾಗಿ ತೆಗೆದು ಓದಿದರೆ, ಅವುಗಳ ದೊಡ್ಡ ಕೊರತೆಯೂ ಇದೇ ಎಂದು ನನಗೆ ಅನ್ನಿಸಿದೆ. ಅವು ನಾಯಿಯನ್ನು ಎಣಿಸುತ್ತವೆ, ನಾಯಿಯ ಜಾತಿ ಕೇಳುತ್ತವೆ. ಸಾಕಿದವರನ್ನು ಕೇಳಬೇಕಾದ ಪ್ರಶ್ನೆಗಳನ್ನು ಅರ್ಧಕ್ಕೇ ನಿಲ್ಲಿಸುತ್ತವೆ.

ಬೆಂಗಳೂರಿನ ಉದಾಹರಣೆಯನ್ನೇ ನೋಡೋಣ. 2018ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಸಾಕುನಾಯಿಗಳ ಪರವಾನಗಿಗೆಂದು ಹೊಸ ಬೈಲಾ ಹೊರಡಿಸಿತು. ಫ್ಲ್ಯಾಟಿಗೆ ಒಂದು ನಾಯಿ, ಬಿಡಿ ಮನೆಗೆ ಹೆಚ್ಚೆಂದರೆ ಮೂರು. ಫ್ಲ್ಯಾಟಿನಲ್ಲಿ ಯಾವ ತಳಿ ಸಾಕಬಹುದು ಎಂಬುದಕ್ಕೆ ಒಂದು ಪಟ್ಟಿ. ದೊಡ್ಡ ಮೈಕಟ್ಟಿನ ತಳಿಗಳು ಅದರಿಂದ ಹೊರಗೆ. ಪರವಾನಗಿಗೆ 110 ರೂಪಾಯಿ, ಗುರುತಿಗೆ ಮೈಕ್ರೋಚಿಪ್, ತಪ್ಪಿದವರಿಗೆ ದಂಡ. ನಾಯಿ ಸಾಕುವವರು, ಪ್ರಾಣಿದಯಾ ಕಾರ್ಯಕರ್ತರು ತಿರುಗಿ ಬಿದ್ದರು. ಸರ್ಕಾರ ಬೈಲಾವನ್ನು ತಡೆಹಿಡಿಯಿತು.

ಅದರಲ್ಲಿ ಒಳ್ಳೆಯದು ಏನೂ ಇರಲಿಲ್ಲ ಎನ್ನುವುದು ಅನ್ಯಾಯದ ಮಾತು. ಪ್ರತಿಯೊಂದು ಸಾಕುನಾಯಿಗೂ ಪಾಲಿಕೆಯ ಪುಸ್ತಕದಲ್ಲಿ ಒಂದು ವಿಳಾಸ ಇರಬೇಕು ಎಂಬ ಯೋಚನೆ ಸರಿಯಾದದ್ದು. ಕಳೆದುಹೋದ ನಾಯಿ ಯಾರದೆಂದು ತಿಳಿಯುತ್ತದೆ, ಕಚ್ಚಿದ ನಾಯಿಗೆ ಲಸಿಕೆ ಆಗಿತ್ತೇ ಎಂಬುದು ತಿಳಿಯುತ್ತದೆ, ಮುದಿಯಾಯಿತೆಂದೋ ಮನೆ ಬದಲಿಸಿದೆವೆಂದೋ ರಸ್ತೆಗೆ ಬಿಟ್ಟವರು ಯಾರೆಂದೂ ತಿಳಿಯುತ್ತದೆ. ನಮ್ಮ ಹೂವಮ್ಮನಿಗೆ ಆ ಬೆಳಿಗ್ಗೆ ಬೇಕಾಗಿದ್ದದ್ದು ಆ ಪುಸ್ತಕದ ಒಂದು ಸಾಲು.

ಬೈಲಾ ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ನಾಯಿಯ ಗಾತ್ರಕ್ಕೂ ಮನೆಯ ಚದರಡಿಗೂ ಗಂಟು ಹಾಕಿತು. ನಾಯಿಯೊಡನೆ ಬದುಕಿದವರು ಈ ಲೆಕ್ಕವನ್ನು ಒಪ್ಪುವುದು ಕಷ್ಟ. ಗ್ರೇಟ್ ಡೇನ್ ನೋಡಲು ಕರುವಿನಷ್ಟಿದ್ದರೂ ಮನೆಯೊಳಗೆ ಸಾಮಾನ್ಯವಾಗಿ ಮೂಲೆ ಹಿಡಿದು ಮಲಗುವ ಪ್ರಾಣಿ. ತೋಳಿನಲ್ಲಿ ಎತ್ತಿಕೊಳ್ಳಬಹುದಾದ ಜ್ಯಾಕ್ ರಸೆಲ್‌ಗೆ ದಿನವಿಡೀ ಕೆಲಸ ಬೇಕು. ಇಲ್ಲದಿದ್ದರೆ ಬೊಗಳಿ ಬೊಗಳಿ ಮಹಡಿಯನ್ನೇ ಎಬ್ಬಿಸುತ್ತದೆ. ಬಾಗಲಕೋಟೆ ಜಿಲ್ಲೆಯ ನಮ್ಮದೇ ಮುಧೋಳ ನಾಯಿ ಬೇಟೆಗೆಂದು ಬೆಳೆದುಬಂದ ಓಟಗಾರ. ಅಂಗಳವಿದೆ ಎಂದು ಅದನ್ನು ಹಗಲಿಡೀ ಚೈನಿಗೆ ಕಟ್ಟಿದ ಬಿಡಿ ಮನೆಗಿಂತ, ಬೆಳಿಗ್ಗೆ ಸಂಜೆ ತಪ್ಪದೆ ಬಯಲಿಗೆ ಕರೆದೊಯ್ಯುವ ಎರಡು ಕೋಣೆಯ ಫ್ಲ್ಯಾಟೇ ಅದಕ್ಕೆ ಮೇಲು. ನಾಯಿಯ ಸುಖವೂ ನೆರೆಯವರ ನೆಮ್ಮದಿಯೂ ನಿಂತಿರುವುದು ಅದನ್ನು ನೋಡಿಕೊಳ್ಳುವ ಕೈಯ ಮೇಲೆ. ಆ ಕೈಯನ್ನು ಬೈಲಾ ಪರೀಕ್ಷಿಸಲೇ ಇಲ್ಲ.

ಆರು ವರ್ಷದ ಮೇಲೆ ಇದೇ ತಪ್ಪು ಇನ್ನೂ ದೊಡ್ಡದಾಗಿ ಮರಳಿತು. 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿ, ಪಿಟ್‌ಬುಲ್, ರಾಟ್‌ವೀಲರ್ ಮೊದಲಾದ 23 ತಳಿಗಳ ಆಮದು, ಸಂತಾನವೃದ್ಧಿ, ಮಾರಾಟ ನಿಲ್ಲಿಸಬೇಕೆಂದಿತು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಏಪ್ರಿಲ್ 10ರಂದು ಅದನ್ನು ರದ್ದು ಮಾಡಿದರು. ಸಂಬಂಧಪಟ್ಟವರನ್ನು ಕೇಳದೆ ಇಂಥ ನಿಷೇಧ ಹೇರುವುದು ಸಲ್ಲದು ಎಂಬುದು ತೀರ್ಪಿನ ಮುಖ್ಯ ಮಾತು.

ಸುತ್ತೋಲೆಯ ಹಿಂದಿದ್ದ ಭಯ ಮಾತ್ರ ಸುಳ್ಳಲ್ಲ. 2022ರಲ್ಲಿ ಲಖನೌದಲ್ಲಿ ವೃದ್ಧೆಯೊಬ್ಬರು ಮನೆಯ ಪಿಟ್‌ಬುಲ್ ದಾಳಿಗೇ ಬಲಿಯಾದರು. ಪೊಮರೇನಿಯನ್ ಕಚ್ಚಿದರೆ ಹೊಲಿಗೆ ಬೀಳಬಹುದು. ರಾಟ್‌ವೀಲರ್ ಕಚ್ಚಿದರೆ ಎಲುಬು ಮುರಿಯಬಹುದು. ಮಕ್ಕಳಿರುವ ಬೀದಿಯಲ್ಲಿ ನಿಂತು ‘ಎಲ್ಲಾ ನಾಯಿಯೂ ಒಂದೇ’ ಎಂದು ವಾದಿಸಲು ನನಗೆ ಮನಸ್ಸು ಬಾರದು. ಆದರೆ ಹೆಸರು ಹಿಡಿದು ನಿಷೇಧಿಸಿದವರ ಅನುಭವವನ್ನೂ ಗಮನಿಸಬೇಕು. ಬ್ರಿಟನ್ 1991ರ ಕಾಯ್ದೆಯಲ್ಲಿ ಪಿಟ್‌ಬುಲ್ ಸೇರಿ ನಾಲ್ಕು ಬಗೆಯ ನಾಯಿಗಳನ್ನು ನಿಷೇಧಿಸಿತು. ಪಟ್ಟಿಯಲ್ಲಿಲ್ಲದ ‘ಎಕ್ಸ್‌ಎಲ್ ಬುಲ್ಲಿ’ ಎಂಬ ಹೊಸ ಬಗೆ ಮುಂದೆ ಅಲ್ಲಿ ಜನಪ್ರಿಯವಾಯಿತು, ಸಾವುಗಳೂ ಆದವು. 2024ರ ಫೆಬ್ರುವರಿಯಿಂದ ವಿನಾಯಿತಿ ಪತ್ರವಿಲ್ಲದೆ ಅದನ್ನು ಸಾಕುವುದೂ ಅಪರಾಧವಾಗಿದೆ. ಪಟ್ಟಿ ಯಾವಾಗಲೂ ನಾಯಿಯ ಹಿಂದೆಯೇ ಓಡುತ್ತಿರುತ್ತದೆ. ನೆದರ್ಲೆಂಡ್ಸ್ 1993ರಲ್ಲಿ ಪಿಟ್‌ಬುಲ್ ನಿಷೇಧ ತಂದು, ಕಡಿತಗಳು ತಗ್ಗಲಿಲ್ಲವೆಂದು 2008ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಬಲಶಾಲಿ ನಾಯಿ ಬೇಕೆನ್ನುವವರ ಮೇಲೆ ಹೆಚ್ಚಿನ ಹೊಣೆ ಹೊರಿಸುವುದೇ ನೇರವಾದ ದಾರಿ: ತರಬೇತಿ ಕಡ್ಡಾಯ, ಹೊರಗೆ ಬಂದಾಗ ಬಾಯಿಕುಕ್ಕೆ, ಹಿಡಿತವಿರುವ ವಯಸ್ಕರ ಕೈಯಲ್ಲೇ ಹಗ್ಗ, ಎತ್ತರದ ಗೇಟಿಗೆ ಭದ್ರವಾದ ಚಿಲಕ.

ಇಷ್ಟಾಗಿ, ಸಾಕಿದವರ ಹೊಣೆಯನ್ನು ಹೇಳುವ ಕಾನೂನು ನಮ್ಮಲ್ಲಿ ಇಲ್ಲವೇ? ಇದೆ, ಚೂರುಚೂರಾಗಿ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮು ನಾಯಿಯನ್ನು ಗಿಡ್ಡ ಇಲ್ಲವೇ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದನ್ನು ಅಪರಾಧವೆನ್ನುತ್ತದೆ. ಸದಾ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದೆ ಬಿಡುವುದೂ ಅಪರಾಧವೆಂದು ಬಿಡಿಸಿ ಹೇಳುತ್ತದೆ. ಅರುವತ್ತು ವರ್ಷಗಳ ಹಿಂದೆ ಇದನ್ನು ಬರೆದವರಿಗೆ ನಾಯಿಯ ಮನಸ್ಸು ಗೊತ್ತಿತ್ತು. ವರ್ಷಗಟ್ಟಲೆ ಕಟ್ಟಿಹಾಕಿದ ನಾಯಿ ಎಷ್ಟು ಸುಲಭವಾಗಿ ಕಚ್ಚುವ ನಾಯಿಯಾಗುತ್ತದೆ ಎಂದು ನಮ್ಮ ಹಳ್ಳಿಯ ಹಿರಿಯರೂ ಬಲ್ಲರು. ಮೊದಲ ತಪ್ಪಿಗೆ ಆ ಕಾಯ್ದೆ ಇಟ್ಟಿರುವ ದಂಡ 10ರಿಂದ 50 ರೂಪಾಯಿ. 110 ರೂಪಾಯಿ ಕೊಟ್ಟು ಪರವಾನಗಿ ಪಡೆಯುವುದಕ್ಕಿಂತ ನಾಯಿಯನ್ನು ಹಿಂಸಿಸುವುದೇ ಅಗ್ಗ ಎನ್ನುವಂತಾದರೆ ಆ ಒಳ್ಳೆಯ ಮಾತುಗಳು ಯಾರ ಉಪಯೋಗಕ್ಕೆ?

ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು ಪ್ರಾಣಿಯ ವಿಷಯದಲ್ಲಿ ಅಲಕ್ಷ್ಯ ತೋರಿದ ಒಡೆಯರಿಗೆ ಆರು ತಿಂಗಳವರೆಗೆ ಸೆರೆ ಇಲ್ಲವೇ 5,000 ರೂಪಾಯಿವರೆಗೆ ದಂಡ ಹೇಳುತ್ತದೆ. ಅದು ನೋಡುವುದು ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯದ ಸಂಭವವನ್ನು. ಹೂವಮ್ಮನ ಮುಂಗೈ ಅಷ್ಟು ದೊಡ್ಡ ಗಾಯವೇ ಎಂದು ಠಾಣೆಯಲ್ಲಿ ವಾದಿಸುತ್ತಾ ಕೂರಲು ಅವರಿಗೆ ಪುರುಸೊತ್ತೂ ಇರಲಿಲ್ಲ, ಧೈರ್ಯವೂ ಇರಲಿಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಒಂದು ವಾಕ್ಯ. ಸಾಕುಪ್ರಾಣಿಗೆ ಜಂತುಹುಳುವಿನ ಔಷಧಿ ಕೊಡಿಸುವುದು, ಲಸಿಕೆ ಹಾಕಿಸುವುದು ಒಡೆಯರ ಹೊಣೆ ‘ಆಗತಕ್ಕದ್ದು’ ಎನ್ನುತ್ತದೆ ಆ ವಾಕ್ಯ. ಸಂತಾನಹರಣದ ಮಾತು ಬಂದಾಗ ಹೊಣೆ ‘ಆಗಬಹುದು’ ಎಂದು ಸಡಿಲವಾಗುತ್ತದೆ. ಬೀದಿನಾಯಿಗಳ ಪ್ರಶ್ನೆಯ ಒಂದು ಬೇರು ಈ ‘ಬಹುದು’ವಿನಲ್ಲಿದೆ. ರಾತ್ರಿ ಗೇಟು ತೆರೆದು ಬಿಟ್ಟ ಮನೆಯ ನಾಯಿ ಬೀದಿಯ ನಾಯಿಯೊಡನೆ ಕೂಡಿ ಮರಿಗಳಾಗುತ್ತವೆ. ಮನೆಯೊಳಗೆ ಹುಟ್ಟಿ ಬೇಡವಾದ ಮರಿಗಳು ರಟ್ಟಿನ ಪೆಟ್ಟಿಗೆಯಲ್ಲಿ ಕೆರೆಯ ಏರಿಗೋ ಮಾರುಕಟ್ಟೆಯ ಹಿಂದಕ್ಕೋ ಸಾಗುತ್ತವೆ. 2019ರಲ್ಲಿ ಬೆಂಗಳೂರಿನ ಬೀದಿನಾಯಿಗಳನ್ನು ಎಣಿಸಿದಾಗ ಸಿಕ್ಕಿದ ಅಂದಾಜು 3.10 ಲಕ್ಷ, 2023ರಲ್ಲಿ 2.79 ಲಕ್ಷ. ಶಸ್ತ್ರಚಿಕಿತ್ಸೆ ಆದ ನಾಯಿಗಳ ಪಾಲು ಶೇ. 51ರಿಂದ ಸುಮಾರು 72ಕ್ಕೆ ಏರಿತ್ತು. ಸಾರ್ವಜನಿಕ ಹಣದಲ್ಲಿ, ವೈದ್ಯರ ಮತ್ತು ನಾಯಿ ಹಿಡಿಯುವ ಕೆಲಸಗಾರರ ಶ್ರಮದಲ್ಲಿ ಗಳಿಸಿದ ಫಲವಿದು. ಸಾಕುನಾಯಿಯ ಕಡೆಯ ಬಾಗಿಲು ತೆರೆದೇ ಇದ್ದರೆ ಈ ದುಡಿಮೆ ತೂತಿನ ಕೊಡಕ್ಕೆ ನೀರು ಹೊತ್ತಂತೆ.

ಬೀದಿನಾಯಿಗಳ ಕುರಿತು ದೇಶ ದೊಡ್ಡ ದನಿಯಲ್ಲಿ ಮಾತಾಡುತ್ತಿದೆ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದೆಹಲಿ ಸುತ್ತಲಿನ ಬೀದಿನಾಯಿಗಳನ್ನೆಲ್ಲ ಆಶ್ರಯತಾಣಗಳಿಗೆ ಸಾಗಿಸಿ ಎಂದಿತು. ಅದೇ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ, ರೇಬಿಸ್ ತಗುಲಿದ ಮತ್ತು ಆಕ್ರಮಣಕಾರಿ ನಾಯಿಗಳನ್ನು ಬಿಟ್ಟು ಉಳಿದವನ್ನು ಶಸ್ತ್ರಚಿಕಿತ್ಸೆ, ಲಸಿಕೆಯ ನಂತರ ಇದ್ದಲ್ಲಿಗೇ ಬಿಡಬಹುದು ಎಂದು ತಿದ್ದಿತು. ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ನಾಯಿಗಳನ್ನು ತೆರವು ಮಾಡಲು ಹೇಳಿತು. ಈ ಗದ್ದಲದಲ್ಲಿ ಸಾಕುನಾಯಿಯ ಒಡೆಯರಾದ ನಾವು ನೋಡುಗರ ಸಾಲಿನಲ್ಲಿ ಕುಳಿತುಬಿಟ್ಟಿದ್ದೇವೆ. ನಮ್ಮ ಪಾಲನ್ನು ಕೇಳುವವರಿಲ್ಲ. ನಾವಾಗಿ ಹೇಳುವುದೂ ಇಲ್ಲ.

ನಿಯಮ ಬರೆಯುವ ಮೇಜಿನ ಸುತ್ತ ಯಾರು ಕೂರುತ್ತಾರೆ ಎಂಬುದೂ ಮುಖ್ಯ. 2018ರ ಜಗಳ ನಡೆದದ್ದು ಪಾಲಿಕೆಗೂ ನಾಯಿ ಸಾಕುವವರಿಗೂ ನಡುವೆ. ಬೆಳಿಗ್ಗೆ ಕಸ ಒಯ್ಯಲು ಬರುವ ಪೌರಕಾರ್ಮಿಕರು, ಪೇಪರ್ ಹಾಕುವ ಹುಡುಗರು, ಮೀಟರ್ ಓದುವವರು, ಊಟದ ಪೊಟ್ಟಣ ಹೊತ್ತು ಮೂರನೇ ಮಹಡಿಗೆ ಓಡುವ ಡೆಲಿವರಿ ಹುಡುಗರು ಆ ಮಾತಿನಲ್ಲಿ ಎಲ್ಲೂ ಇರಲಿಲ್ಲ. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ನಾಯಿಯ ಹಗ್ಗ ಹಿಡಿದು ಸುತ್ತುವವರೂ ಎಷ್ಟೋ ಸಲ ಮನೆಗೆಲಸದವರು ಅಥವಾ ವಾಚ್‌ಮನ್. ‘ಬನ್ನಿ ಬನ್ನಿ, ಏನೂ ಮಾಡಲ್ಲ’ ಎಂಬ ಮಾತನ್ನು ನಂಬಿ ಗೇಟು ದಾಟುವುದು ಅವರಿಗೆ ಹೊಟ್ಟೆಪಾಡು. ಅವರನ್ನು ಕೂರಿಸಿಕೊಂಡು ಬರೆದಿದ್ದರೆ ಬೈಲಾದ ಮೊದಲ ಸಾಲು ತಳಿಪಟ್ಟಿ ಆಗಿರುತ್ತಿರಲಿಲ್ಲ. ಕಚ್ಚಿದ ನಾಯಿಯ ಲಸಿಕೆಯ ದಾಖಲೆ ಒಂದು ಗಂಟೆಯೊಳಗೆ ಸಿಗಬೇಕು, ಆಸ್ಪತ್ರೆಯ ಖರ್ಚೂ ಹೋದ ಕೂಲಿಯೂ ಒಡೆಯರದು ಎಂಬುದಾಗಿರುತ್ತಿತ್ತು.

ಈಗ ಮತ್ತೊಮ್ಮೆ ಬರೆಯುವ ಅವಕಾಶ ಬಂದಿದೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳು ಬಂದಿವೆ. ಕೆನಡಾದ ಕ್ಯಾಲ್ಗರಿ ನಗರದ ಪದ್ಧತಿಯನ್ನು ಅವು ಗಮನಿಸಲಿ. ಅಲ್ಲಿ ಸಂತಾನಹರಣ ಆದ ನಾಯಿಗೆ ಪರವಾನಗಿ ಶುಲ್ಕ ಕಡಿಮೆ, ಆಗದ ನಾಯಿಗೆ ಹೆಚ್ಚು. ನಿಯಮ ಪಾಲಿಸಿದವರ ಕೈಗೆ ಅದರ ಲಾಭ ಕಾಣಿಸಿದರೆ ಪರವಾನಗಿಯನ್ನು ಹುಡುಕಿಕೊಂಡು ಬರುತ್ತಾರೆ. ಬೀದಿಯಿಂದ ತಂದು ಸಾಕಿದ ನಾಯಿಗೆ ಶುಲ್ಕವೇ ಬೇಡ. ವಾರ್ಡಿನ ಪಶು ಆಸ್ಪತ್ರೆಯಲ್ಲಿ ಲಸಿಕೆ, ಶಸ್ತ್ರಚಿಕಿತ್ಸೆ, ನೋಂದಣಿ ಮೂರೂ ಒಂದೇ ಮೇಜಿನಲ್ಲಿ ಮುಗಿಯಲಿ. ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಎಂದು 2017ರಿಂದ ನಿಯಮವಿದೆ. ಮಾರುವವರ ಮೇಲೂ ಕಣ್ಣಿರಲಿ.

ಇದೆಲ್ಲ ಪರದೇಶದಿಂದ ಎರವಲು ತರುವ ವಿಚಾರ ಎನ್ನುವವರು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ವೀರಗಲ್ಲನ್ನು ಒಮ್ಮೆ ನೋಡಿಬರಬೇಕು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಕಲ್ಲು ಅದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನೆಂಬ ವೀರನಿಗೆ ದೊರೆ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಹಂದಿಯ ಬೇಟೆಯಲ್ಲಿ ಹಂದಿಯೂ ಕಾಳಿಯೂ ಸತ್ತವು. ಮಣಲೆರ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟ. ಆ ಕಲ್ಲಿನ ಮುಂದೆ ನಿಂತಾಗ ನನಗೆ ತಟ್ಟಿದ್ದು ಇಷ್ಟು: ನಾಯಿಯ ಹೆಸರು, ಸಾಕಿದವನ ಹೆಸರು, ಊರಿನ ಹೆಸರು, ನೋಡಿಕೊಳ್ಳುವ ಏರ್ಪಾಡು, ನಾಲ್ಕನ್ನೂ ಒಂದೇ ಕಡೆ ಕೆತ್ತಿದ್ದಾರೆ. ‘ಇದು ನನ್ನ ನಾಯಿ’ ಎಂದು ಊರೆದುರು ಹೇಳಿದ ಮಾತು ಅದು. ನಾಯಿಯ ಕೊರಳಿನ ಬಿಲ್ಲೆ ಹೇಳಬೇಕಾದದ್ದೂ ಅದನ್ನೇ.

ನಮ್ಮ ಬೀದಿಯ ಆ ಮನೆಯವರು ಮರುವಾರವೇ ನಾಯಿಗೆ ಲಸಿಕೆ ಹಾಕಿಸಿದರು. ಹೂವಮ್ಮನ ಆಸ್ಪತ್ರೆಯ ಓಡಾಟಕ್ಕೆ ದುಡ್ಡು ಕೊಟ್ಟರು. ಗೇಟಿನ ಹೊರಗೆ, ನಾಯಿಯ ಮೂತಿ ಎಟುಕದಷ್ಟು ದೂರದ ಕಂಬಕ್ಕೆ, ಹೂವಿಗೆಂದು ಒಂದು ಬಟ್ಟೆಯ ಚೀಲ ಕಟ್ಟಿದರು. ಯಾವ ಪಾಲಿಕೆಯೂ ಅವರಿಗೆ ಇದನ್ನು ಹೇಳಿರಲಿಲ್ಲ. ಎದುರಿಗೆ ನಿಂತ ಗಾಯಗೊಂಡ ಕೈ ಹೇಳಿತು. ಮುಂದಿನ ಕೈಗೆ ಗಾಯವಾಗುವ ಮೊದಲೇ ಆ ಚೀಲವನ್ನು ಎಲ್ಲ ಗೇಟುಗಳಲ್ಲೂ ಕಟ್ಟಿಸುವ ನಿಯಮ ನಮಗೆ ಬೇಕು.