ಚಂದ್ರನ ಮೇಲೊಂದು ಟೀ ಅಂಗಡಿ

2023ರ ಆಗಸ್ಟ್ 23ರ ಸಂಜೆ ಮಿರ್ಲೆಯ ಒಂದು ಟೀ ಅಂಗಡಿಯಲ್ಲಿ ಹತ್ತಿಪ್ಪತ್ತು ಮಂದಿ ಟಿ.ವಿ. ಎದುರು ನಿಂತಿದ್ದೆವು. ಆರು ಗಂಟೆ ದಾಟುತ್ತಿದ್ದಂತೆ ಚಂದ್ರಯಾನ-3ರ ವಿಕ್ರಮ್ ಚಂದ್ರನ ನೆಲ ಮುಟ್ಟಿತು. ಚಪ್ಪಾಳೆ ಬಿತ್ತು, ಶಿಳ್ಳೆ ಬಿತ್ತು. ಸದ್ದು ಅಡಗುವ ಮೊದಲೇ ಬೆಂಚಿನ ತುದಿಯಲ್ಲಿ ಕುಳಿತಿದ್ದ ಹಿರಿಯ ರೈತರೊಬ್ಬರು, "ಅಲ್ಲಿ ನೀರೈತಾ ಅಂತ ನೋಡಕ್ಕೆ ಅಷ್ಟು ದೂರ ಹೋದ್ರು, ನಮ್ ನಾಲೆಗೆ ನೀರು ಬಿಡೋಕೆ ಆಗ್ಲಿಲ್ವಲ್ಲಪ್ಪ" ಎಂದರು. ಅಂಗಡಿಯೆಲ್ಲ ನಕ್ಕಿತು. ಅಷ್ಟರಲ್ಲಿ ಒಬ್ಬರು ನನ್ನತ್ತ ತಿರುಗಿ, "ಸಾಬ್ರೆ, ನೀವೇನಂತೀರಿ?" ಎಂದು ಕೇಳಿದರು. "ಹೆಮ್ಮೆಯ ವಿಷಯ ಅಣ್ಣ" ಎಂದಷ್ಟೇ ಹೇಳಿ ಟೀ ಲೋಟ ಎತ್ತಿಕೊಂಡೆ.

ನಾನು ಹೇಳಿದ್ದು ಸುಳ್ಳಲ್ಲ, ಹೆಮ್ಮೆ ಇತ್ತು. ಆದರೆ ಆ ರೈತರ ಮಾತಿಗೆ ನನಗೂ ನಗು ಬಂದಿತ್ತು, ಅದನ್ನು ತಡೆದುಕೊಂಡಿದ್ದೆ. ಅವರು ಆಡಿದ ಮಾತನ್ನು ನಾನು ಆಡಿದ್ದರೆ ಅದು ತಮಾಷೆಯಾಗಿ ಉಳಿಯುತ್ತಿತ್ತೇ ಎಂಬ ಅಳುಕು ಅದಕ್ಕೆ ಕಾರಣ. ಕೇಳಿದವರಿಗೆ ಯಾವ ಕೆಟ್ಟ ಉದ್ದೇಶವೂ ಇರಲಿಲ್ಲ. ಅಳುಕು ನನ್ನೊಳಗೇ ಇತ್ತು. ಅದು ಎಲ್ಲಿಂದ ಬಂತು ಎಂದು ಯೋಚಿಸುತ್ತಾ ಬರೆದದ್ದು ಇದು.

ಮೊದಲು ಆ ರೈತರ ಮಾತನ್ನೇ ನೋಡೋಣ. ಲೆಕ್ಕದಲ್ಲಿ ಅದು ನಿಲ್ಲುವುದಿಲ್ಲ. ಚಂದ್ರಯಾನ-3ಕ್ಕೆ ತಗಲಿದ ವೆಚ್ಚ ಸುಮಾರು 615 ಕೋಟಿ ರೂಪಾಯಿ. ಆ ವರ್ಷ ಕೇಂದ್ರ ಸರಕಾರದ ಒಟ್ಟು ಬಜೆಟ್ಟು 45 ಲಕ್ಷ ಕೋಟಿ. ಅದರಲ್ಲಿ ಇಡೀ ಬಾಹ್ಯಾಕಾಶ ಇಲಾಖೆಯ ಪಾಲು ನೂರು ರೂಪಾಯಿಗೆ ಮೂವತ್ತು ಪೈಸೆಯೂ ಇಲ್ಲ. ನಾಲೆ ಒಣಗಿದ್ದು ರಾಕೆಟ್ಟಿನಿಂದಲ್ಲ. 2023ರ ಆಗಸ್ಟ್ ತಿಂಗಳು ದೇಶದಲ್ಲಿ 1901ರಿಂದೀಚೆಗೆ ಅತಿ ಕಡಿಮೆ ಮಳೆ ಕಂಡ ಆಗಸ್ಟ್ ಆಗಿತ್ತು. ಮುಂದಿನ ತಿಂಗಳೇ ರಾಜ್ಯ ಸರಕಾರ 195 ತಾಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಇನ್ನು, ನಾವು ನೋಡುತ್ತಿದ್ದ ಟಿ.ವಿ.ಗೂ ಉಪಗ್ರಹಕ್ಕೂ ನಂಟಿದೆ. ನಮ್ಮ ಊರಿಗೆ ದೂರವಲ್ಲದ ಹಾಸನದ ನಿಯಂತ್ರಣ ಕೇಂದ್ರದಲ್ಲಿ 1982ರಿಂದಲೂ ಇನ್ಸಾಟ್ ಉಪಗ್ರಹಗಳನ್ನು ನಿಭಾಯಿಸುತ್ತಿದ್ದಾರೆ. ನಾಳೆ ಮಳೆ ಬಂದೀತೇ ಎಂದು ಮೊಬೈಲಿನಲ್ಲಿ ನೋಡುವ ರೈತನಿಗೂ ಮೋಡದ ಚಿತ್ರ ಸಿಗುವುದು ಇಂಥ ಉಪಗ್ರಹಗಳಿಂದಲೇ.

ಆದರೂ ಆ ಮಾತು ಹಗುರವಾದುದಲ್ಲ. ಬಡ ದೇಶಕ್ಕೆ ಬಾಹ್ಯಾಕಾಶ ಏಕೆ ಎಂಬ ಪ್ರಶ್ನೆಯನ್ನು 1960ರ ದಶಕದಲ್ಲೇ ಕೈಗೆತ್ತಿಕೊಂಡು ಉತ್ತರಿಸಿದವರು ಸ್ವತಃ ವಿಕ್ರಮ್ ಸಾರಾಭಾಯಿ. ಶ್ರೀಮಂತ ದೇಶಗಳೊಂದಿಗೆ ಚಂದ್ರನತ್ತ ಓಡುವ ಪೈಪೋಟಿ ನಮ್ಮದಲ್ಲ, ಜನರ ಕಷ್ಟಕ್ಕೆ ತಂತ್ರಜ್ಞಾನವನ್ನು ಬಳಸುವುದರಲ್ಲಿ ಮಾತ್ರ ನಾವು ಯಾರಿಗೂ ಕಡಿಮೆಯಾಗಬಾರದು ಎಂಬ ಅರ್ಥದಲ್ಲಿ ಅವರು ಮಾತನಾಡಿದ್ದರು. ಚಂದ್ರನ ಮೇಲಿಳಿದ ನೌಕೆಗೆ ಇಟ್ಟಿರುವುದು ಅವರದೇ ಹೆಸರು. ಅಂದರೆ ಸಂಸ್ಥೆಯನ್ನು ಕಟ್ಟಿದವರು ಗೌರವದಿಂದ ಎದುರಿಸಿದ ಪ್ರಶ್ನೆಯನ್ನೇ ಆ ರೈತರು ತಮ್ಮ ಭಾಷೆಯಲ್ಲಿ ಕೇಳಿದ್ದರು. ಟೀ ಅಂಗಡಿಯ ಹರಟೆಗೆ ಇರುವ ಬೆಲೆ ಇದು. ಅಲ್ಲಿ ಅಂಕಿಅಂಶ ತಪ್ಪಿರಬಹುದು, ಆದರೆ ಕೇಳಬೇಕಾದದ್ದನ್ನು ಯಾರಾದರೂ ಕೇಳುತ್ತಾರೆ.

ಅದೇ ವಾರ ಇನ್ನೊಂದು ಘಟನೆ ನಡೆದಿತ್ತು. ನಟ ಪ್ರಕಾಶ್ ರಾಜ್ ಅವರು ಚಂದ್ರನಿಂದ ಬಂದ ಮೊದಲ ಚಿತ್ರವೆಂದು ಹೇಳಿ, ಲುಂಗಿ ಉಟ್ಟ ವ್ಯಕ್ತಿಯೊಬ್ಬ ಟೀ ಎತ್ತಿ ಸುರಿಯುವ ವ್ಯಂಗ್ಯಚಿತ್ರವನ್ನು ಟ್ವಿಟರಿನಲ್ಲಿ ಹಾಕಿದರು. ವಿಜ್ಞಾನಿಗಳಿಗೆ ಅವಮಾನವಾಯಿತೆಂದು ಕೆಲವರು, ಪ್ರಧಾನಿಯನ್ನು ಅಣಕಿಸಿದರೆಂದು ಕೆಲವರು ಮುಗಿಬಿದ್ದರು. ಬಾಗಲಕೋಟೆ ಜಿಲ್ಲೆಯ ಬನಹಟ್ಟಿ ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಯಿತು. ಆರ್ಮ್‌ಸ್ಟ್ರಾಂಗ್ ಕಾಲದ ಹಳೆಯ ನಗೆಮಾತನ್ನು ನೆನಪಿಸಿದೆನಷ್ಟೇ ಎಂದು ನಟರು ಸಮಜಾಯಿಷಿ ನೀಡಿದರು. ಆ ನಗೆಮಾತು ನಮಗೆಲ್ಲ ಗೊತ್ತಿರುವುದೇ: ಚಂದ್ರನ ಮೇಲೆ ಮೊದಲು ಕಾಲಿಟ್ಟವನನ್ನು ಅಲ್ಲಿ ಆಗಲೇ ಅಂಗಡಿ ಹಾಕಿದ್ದ ಮಲೆಯಾಳಿಯೊಬ್ಬ ಟೀ ಬೇಕೇ ಎಂದು ಕೇಳಿದನಂತೆ.

ಆ ವ್ಯಂಗ್ಯಚಿತ್ರ ನನಗೆ ಅಷ್ಟೇನೂ ಹಿಡಿಸಲಿಲ್ಲ. ನೌಕೆ ಇಳಿಯಲು ಮೂರೇ ದಿನ ಉಳಿದಿದ್ದಾಗ, 2019ರ ಸೋಲಿನ ನೋವು ಇನ್ನೂ ಮಾಸದಿದ್ದಾಗ ಅದನ್ನು ಹಾಕಿದ್ದು ಸರಿಯಾದ ಹೊತ್ತಲ್ಲ. ಆದರೆ ಹಿಡಿಸದ ತಮಾಷೆಗೆ ನಗದೆ ಇರುವುದು ಸಾಕು, ಅಥವಾ ಹಿಡಿಸಲಿಲ್ಲ ಎಂದು ಬರೆದರೂ ಆಯಿತು. ಠಾಣೆಯ ಮೆಟ್ಟಿಲು ಹತ್ತುವ ಅಗತ್ಯವೇನಿತ್ತು? ನಾಲ್ಕು ಲಕ್ಷ ಕಿಲೋಮೀಟರು ದೂರದಲ್ಲಿ ನೌಕೆ ಇಳಿಸಬಲ್ಲ ದೇಶ ಒಂದು ಟೀ ಲೋಟದ ಚಿತ್ರದಿಂದ ಅಲುಗಾಡುತ್ತದೆಯೇ? ರಾಷ್ಟ್ರಪ್ರಶಸ್ತಿ ಪಡೆದ ಹೆಸರಾಂತ ನಟರಿಗೇ ಹೀಗಾದರೆ ಊರಿನ ಸಾಮಾನ್ಯನು ಬಾಯಿ ತೆರೆಯುವ ಮುನ್ನ ಎರಡು ಸಲ ಯೋಚಿಸುತ್ತಾನೆ. ಅವನ ಹೆಸರು ನನ್ನಂಥದ್ದಾದರೆ ನಾಲ್ಕು ಸಲ.

ಆದರೆ ಹೊಣೆ ಒಂದೇ ಕಡೆಯದಲ್ಲ. ನಮ್ಮ ಹರಟೆಯೂ ಕೆಟ್ಟಿದೆ. ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಅಝಾನ್ ಕೇಳಿ ಮುಸ್ಲಿಮನಾದ ಎಂಬ ಕಥೆಯನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಅದು ನಿಜವಲ್ಲವೆಂದು ಆತನೇ ಹೇಳಿದ್ದ. 1983ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಮುಸ್ಲಿಂ ದೇಶಗಳಲ್ಲಿದ್ದ ತನ್ನ ರಾಯಭಾರ ಕಚೇರಿಗಳಿಗೆ ಈ ಬಗ್ಗೆ ಸ್ಪಷ್ಟನೆಯನ್ನೂ ಕಳುಹಿಸಿತ್ತು. ಆದರೂ ಆ ಕಥೆ ವಾಟ್ಸಾಪಿನಲ್ಲಿ ಇನ್ನೂ ಓಡಾಡುತ್ತಿದೆ. ಸುಳ್ಳಿನ ಆಸರೆಯಿಂದ ಗಟ್ಟಿಯಾಗಬೇಕಾದ ಸ್ಥಿತಿಯಲ್ಲಿ ನಮ್ಮ ನಂಬಿಕೆ ಇಲ್ಲ. ಇದಕ್ಕೆ ಜೋಡಿಯಂತಿದೆ ಪ್ರಾಚೀನ ವಿಮಾನಗಳ ಕಥೆ. ಅದಕ್ಕೆ ಆಧಾರವೆಂದು ತೋರಿಸುವ 'ವೈಮಾನಿಕ ಶಾಸ್ತ್ರ' ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟವಾದದ್ದು ನಮ್ಮ ಮೈಸೂರಿನಲ್ಲೇ, 1973ರಲ್ಲಿ. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಅದನ್ನು ತಾಳ್ಮೆಯಿಂದ ಪರಿಶೀಲಿಸಿದರು. ಅದು ಇಪ್ಪತ್ತನೇ ಶತಮಾನದ ಕೃತಿ, ಅದರಲ್ಲಿ ಹೇಳಿದ ವಿಮಾನಗಳು ಹಾರಲಾರವು ಎಂದು ತೋರಿಸಿಕೊಟ್ಟರು. ಅವರು ಯಾರನ್ನೂ ಹೀಯಾಳಿಸಲಿಲ್ಲ, ಯಾರ ಮೇಲೂ ದೂರು ಕೊಡಲಿಲ್ಲ. ಓದಿ ನೋಡಿ ಉತ್ತರ ಬರೆದರು. ಹಗುರ ಮಾತಿಗೆ ಉತ್ತರ ಕೊಡುವ ದಾರಿ ಅದಲ್ಲವೇ?

ಹಗುರ ಮಾತಿಗೆ ಸರಕಾರದ ಬಲ ಸಿಕ್ಕಿದರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ಬಾಹ್ಯಾಕಾಶ ಚರಿತ್ರೆಯಲ್ಲೇ ಉದಾಹರಣೆಯಿದೆ. ವಿಕ್ರಮ್ ಇಳಿದ ಮರುದಿನ, ಆಗಸ್ಟ್ 24ರಂದು, ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು ಪ್ರಕಟವಾದವು. ಅತ್ಯುತ್ತಮ ಚಿತ್ರವೆಂದು ಆಯ್ಕೆಯಾದದ್ದು ವಿಜ್ಞಾನಿ ನಂಬಿ ನಾರಾಯಣನ್ ಅವರ ಬದುಕನ್ನು ಆಧರಿಸಿದ 'ರಾಕೆಟ್ರಿ'. 1994ರಲ್ಲಿ ಗೂಢಚಾರಿಕೆಯ ಆರೋಪದ ಮೇಲೆ ಅವರನ್ನು ಬಂಧಿಸಲಾಯಿತು. ಆಗ ಪತ್ರಿಕೆಗಳು ಬರೆದದ್ದೇನು, ಬೀದಿಯಲ್ಲಿ ಜನ ಆಡಿದ್ದೇನು! ಆರೋಪದಲ್ಲಿ ಹುರುಳಿಲ್ಲವೆಂದು 1996ರಲ್ಲಿ ಸಿಬಿಐ ವರದಿ ಕೊಟ್ಟಿತು. 2018ರಲ್ಲಿ ಸುಪ್ರೀಂ ಕೋರ್ಟು 50 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತು. ಚಿತ್ರ ಈ ಅನ್ಯಾಯವನ್ನು ಮನಮುಟ್ಟುವಂತೆ ಹೇಳುತ್ತದೆ.

ಆದರೆ ಅದು ವಿಜ್ಞಾನಿಯ ಕಥೆ. ಅದೇ ಪ್ರಕರಣದಲ್ಲಿ ಮಾಲ್ಡೀವ್ಸಿನ ಇಬ್ಬರು ಹೆಂಗಸರು, ಮರಿಯಮ್ ರಶೀದಾ ಮತ್ತು ಫೌಝಿಯಾ ಹಸನ್, ನಮ್ಮ ದೇಶದ ಜೈಲಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಕಳೆದರು. ಅವರೂ ನಿರಪರಾಧಿಗಳೇ. ಅವರ ಬಗ್ಗೆ ಹಬ್ಬಿದ ಮಾತುಗಳು ಇನ್ನೂ ಕೀಳಾಗಿದ್ದವು. ವಿಜ್ಞಾನಿಗೆ ತಡವಾಗಿಯಾದರೂ ನ್ಯಾಯ ಸಿಕ್ಕಿತು, ಪದ್ಮಭೂಷಣ ಬಂತು, ಸಿನಿಮಾ ಬಂತು. ಆ ಹೆಂಗಸರ ಕಥೆಯನ್ನು ಅಷ್ಟೇ ದೊಡ್ಡ ಪರದೆಯ ಮೇಲೆ ಯಾರೂ ಹೇಳಲಿಲ್ಲ. ಫೌಝಿಯಾ 2022ರಲ್ಲಿ ತೀರಿಕೊಂಡರು. ಗೂಢಚಾರಿ ಎಂಬ ಪದ ಯಾರ ಹೆಸರಿಗೆ ಬೇಗ ಅಂಟುತ್ತದೆ, ಯಾರ ಹೆಸರಿನಿಂದ ಬೇಗ ಬಿಡುವುದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಟೀ ಅಂಗಡಿಯಲ್ಲಿ ನಾನು ನುಂಗಿಕೊಂಡ ನಗುವಿಗೂ ಇದಕ್ಕೂ ಸಂಬಂಧವಿದೆ.

ಹರಟೆಯಲ್ಲಿ ಎರಡು ಬಗೆ. ಒಂದು, ದೊಡ್ಡವರನ್ನು ಪ್ರಶ್ನಿಸುವ ಹರಟೆ. ತಪ್ಪಿದ್ದರೆ ಮರುದಿನ ಯಾರೋ ತಿದ್ದುತ್ತಾರೆ, ಅಲ್ಲಿಗೆ ಮುಗಿಯಿತು. ಇನ್ನೊಂದು, ಕೈಲಾಗದವರ ಮೇಲೆ ಗೂಬೆ ಕೂರಿಸುವ ಹರಟೆ. ಅದನ್ನು ತಿದ್ದಲು ಇಪ್ಪತ್ತು ವರ್ಷವೂ ಸಾಲದು. ನಾವಿಂದು ಮೊದಲನೆಯದಕ್ಕೆ ಪೊಲೀಸರನ್ನು ಕರೆಯುತ್ತೇವೆ, ಎರಡನೆಯದನ್ನು ಫಾರ್ವರ್ಡ್ ಮಾಡುತ್ತೇವೆ. ಇದು ತಿರುಗುಮುರುಗಾಗಬೇಕು. ಮುಸ್ಲಿಮರಾದ ನಾವೂ ಎಲ್ಲಕ್ಕೂ 'ಹೆಮ್ಮೆಯ ವಿಷಯ' ಎಂದು ಹೇಳಿ ಎದ್ದು ಬರುವುದನ್ನು ಬಿಡಬೇಕು. ಹೆಮ್ಮೆಪಡುವ ಹಕ್ಕಿರುವವನಿಗೆ ಗೊಣಗುವ ಹಕ್ಕೂ ಇರುತ್ತದೆ.

ಕೆಲವು ದಿನಗಳ ನಂತರ ಅದೇ ಅಂಗಡಿಯಲ್ಲಿ ಆ ರೈತರು ಸಿಕ್ಕರು. ನಾಲೆಯಲ್ಲಿ ನೀರು ಬಂದಿರಲಿಲ್ಲ. "ಅಣ್ಣ, ನೀವು ಅವತ್ತು ಹೇಳಿದ್ದು ಸರಿ, ಆದ್ರೆ ಲೆಕ್ಕ ತಪ್ಪು" ಎಂದೆ. "ಲೆಕ್ಕ ನೀವು ನೋಡ್ಕೊಳ್ಳಿ ಸಾಬ್ರೆ, ನೀರು ಯಾವಾಗ ಬತ್ತದೆ ಹೇಳಿ" ಎಂದರು. ಈ ಸಲ ಎಲ್ಲರೊಂದಿಗೆ ನಾನೂ ನಕ್ಕೆ.