ಗಡಿಯ ಅಂಗಳದ ಗೆರೆಗಳು

ಮಹಾರಾಷ್ಟ್ರದ ಗಡಿಯ ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಕಲೆಯ ಮಾತು ಬಂದಾಗ ನಮ್ಮ ಬರಹಗಾರರು ನಿಲಂಗಾದ ನೀಲಕಂಠೇಶ್ವರ ಗುಡಿಯ ಶಿಲ್ಪ ನೋಡುತ್ತಾರೆ, ಉದಗೀರದ ಕೋಟೆ ಹತ್ತುತ್ತಾರೆ, ಚಾಲುಕ್ಯರ ಕಾಲದ ಶಾಸನಗಳನ್ನು ಓದುತ್ತಾರೆ, ಅಲ್ಲಿಗೆ ಮುಗಿಸುತ್ತಾರೆ. ಈ ಮೂರೂ ತಾಲ್ಲೂಕುಗಳಲ್ಲಿ ದಿನ ಬೆಳಗಾದರೆ ಚಿತ್ರ ಬರೆಯುವ ಜನ ಬೇರೆಯೇ ಇದ್ದಾರೆ. ಅವರು ಮನೆಯ ಹೆಣ್ಣುಮಕ್ಕಳು. ಕಸ ಗುಡಿಸಿ, ಅಂಗಳ ಸಾರಿಸಿ, ಒಲೆ ಹೊತ್ತಿಸುವ ಮೊದಲು ಕುಕ್ಕರಗಾಲಲ್ಲಿ ಕೂತು ಗೆರೆ ಎಳೆಯುವವರು. ಹವ್ಯಾಸಿ ಚಿತ್ರಕಾರರು ಎಂದರೆ ನಮ್ಮಲ್ಲಿ ಮೊದಲು ಇವರೇ. ಇವರಿಗೆ ‘ಸಂಪ್ರದಾಯ’ ಎಂಬ ಹೊಗಳಿಕೆ ಬೇಕಾದಷ್ಟು ಸಿಕ್ಕಿದೆ. ವಿಮರ್ಶೆ ಮಾತ್ರ ಸಿಕ್ಕಿಲ್ಲ. ಯಾವ ಗೆರೆ ಚಲೋ, ಯಾವುದು ಸಪ್ಪೆ, ಯಾಕೆ ಎಂದು ಕೇಳದೆ ಬರೀ ಕೈಮುಗಿಯುವುದು ಚಿತ್ರ ಬರೆದವರಿಗೆ ಮಾಡುವ ಗೌರವವಲ್ಲ ಎಂದು ನಾನು ನಂಬಿದ್ದೇನೆ.

ಈ ನಾಡಿನ ಗಡಿ ಹೊಸದು. ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಬಂತು, ಈ ಮೂರು ಮುಂಬಯಿ ರಾಜ್ಯಕ್ಕೆ ಹೋದವು. 1982ರಲ್ಲಿ ಲಾತೂರ ಜಿಲ್ಲೆಯಾದಾಗ ಅದರೊಳಗೆ ಸೇರಿದವು. ಉಮರ್ಗಾ ಈಗಿನ ಧಾರಾಶಿವ ಜಿಲ್ಲೆಯದು. ಸರಕಾರದ ಗೆರೆ ಹೀಗೆ ಬಿದ್ದರೂ ಬೀಗತನ ನಿಲ್ಲಲಿಲ್ಲ. ಬಸವಕಲ್ಯಾಣ, ಭಾಲ್ಕಿ, ಆಳಂದದ ಹುಡುಗಿಯರು ಉಮರ್ಗಾ, ನಿಲಂಗಾಕ್ಕೆ ಸೊಸೆಯರಾಗಿ ಹೋದರು, ಆ ಕಡೆಯವರು ಈ ಕಡೆ ಬಂದರು. ಸೀರೆ, ಪಾತ್ರೆಗಳ ಜೊತೆ ಅವರ ಕೈಯಲ್ಲಿದ್ದ ವಿನ್ಯಾಸಗಳೂ ಬಂದವು. ಒಂದೇ ಅಂಗಳದಲ್ಲಿ ಅತ್ತೆಯದೊಂದು ಪದ್ಧತಿ, ಸೊಸೆಯದೊಂದು ಪದ್ಧತಿ ಬೆರೆತು ಮೂರನೆಯದೊಂದು ಹುಟ್ಟುವುದು ಇಲ್ಲಿನ ಕಲೆಯ ಮೂಲ ಗುಣ.

ಉಮರ್ಗಾದಿಂದ ಬಸವಕಲ್ಯಾಣ ದೂರವಿಲ್ಲ. ಅದೇ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಆಳಿದ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥ ರಚಿಸಿದ. ಗೋಡೆಗೆ ಗಾರೆ ಹೇಗೆ ಬಳಿಯಬೇಕು, ಎಮ್ಮೆಯ ಚರ್ಮ ಕುದಿಸಿ ವಜ್ರಲೇಪ ಹೇಗೆ ತಯಾರಿಸಬೇಕು ಎಂದೆಲ್ಲ ಅದರಲ್ಲಿ ವಿವರವಾಗಿದೆ. ಚಿತ್ರದ ಬಗೆಗಳನ್ನು ಹೇಳುವಾಗ ವಿದ್ಧ, ಅವಿದ್ಧ, ಭಾವಚಿತ್ರ, ರಸಚಿತ್ರಗಳ ಜೊತೆ ಪುಡಿಯಲ್ಲಿ ಬರೆಯುವ ಧೂಳಿಚಿತ್ರವನ್ನೂ ಅವನು ಎಣಿಸುತ್ತಾನೆ. ಅರಮನೆಯ ಭಿತ್ತಿಚಿತ್ರಕ್ಕೂ ನೆಲದ ಪುಡಿಚಿತ್ರಕ್ಕೂ ಒಂದೇ ಅಧ್ಯಾಯದಲ್ಲಿ ಜಾಗ ಕೊಟ್ಟ ರಾಜನ ರಾಜಧಾನಿ ಪಕ್ಕದಲ್ಲಿದ್ದೂ, ನಮ್ಮ ಕಲಾವಿಮರ್ಶೆ ಎಂಟು ಶತಮಾನದ ಮೇಲೂ ರಂಗೋಲಿಯನ್ನು ‘ಮನೆಗೆಲಸ’ದ ಪಟ್ಟಿಯಲ್ಲಿಟ್ಟಿದೆ. ಇದು ನನಗೆ ನೋವು ತರುವ ಸಂಗತಿ.

ಈ ಚಿತ್ರಕಾರ್ತಿಯ ಸ್ಟುಡಿಯೊ ಯಾವುದು ಎಂದು ಕೇಳಿದರೆ ಅವಳ ರಂಗೋಲಿ ವಹಿ ತೋರಿಸಬೇಕು. ಸಾಲಿಯ ಹಳೆಯ ವಹಿಯಲ್ಲಿ ಉಳಿದ ಹಾಳೆಗಳು, ಬಾಲ್‌ಪೆನ್ನಿನ ಚುಕ್ಕಿಗಳು, ಮೂಲೆಯಲ್ಲಿ ‘15ರಿಂದ 8, ಸಂದು ಚುಕ್ಕಿ’ ಎಂಬಂಥ ಲೆಕ್ಕ. ಮನೆಮಾತು ಕನ್ನಡ, ಕಲಿತದ್ದು ಮರಾಠಿ ಸಾಲಿಯಲ್ಲಿ ಎಂಬ ಮನೆಗಳಲ್ಲಿ ಈ ಟಿಪ್ಪಣಿ ಎರಡೂ ಲಿಪಿಯಲ್ಲಿ ಬರುತ್ತದೆ. ವಹಿ ತವರಿನಲ್ಲಿ ಶುರುವಾಗುತ್ತದೆ. ಅವ್ವನ ಕೈಯ ನಾಲ್ಕಾರು ವಿನ್ಯಾಸ, ಗೆಳತಿಯರಿಂದ ಇಳಿಸಿಕೊಂಡದ್ದು, ದೀಪಾವಳಿ ಸಂಚಿಕೆಯಿಂದ ನಕಲು ಮಾಡಿದ್ದು. ಮದುವೆಯಾದ ಮೇಲೆ ನಾದಿನಿ ಅದರಲ್ಲಿ ಬರೆಯುತ್ತಾಳೆ. ಮಕ್ಕಳು ಹುಟ್ಟಿದ ಮೇಲೆ ಹಿಂದಿನ ಹಾಳೆಗಳಲ್ಲಿ ಕಿರಾಣಿ ಲೆಕ್ಕ, ಮಗುವಿನ ಕೈಯ ಗೀಚು. ಒಬ್ಬ ಚಿತ್ರಕಾರ್ತಿ ಯಾವ ವರ್ಷ ಬಹಳ ಬರೆದಳು, ಯಾವ ವರ್ಷ ಏನೂ ಬರೆಯಲಿಲ್ಲ ಎಂಬುದು ಈ ವಹಿಯಲ್ಲಿ ತಾನಾಗಿ ದಾಖಲಾಗಿರುತ್ತದೆ. ಹೆಸರಾಂತ ಕಲಾವಿದರ ಸ್ಕೆಚ್ ಪುಸ್ತಕಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುತ್ತೇವೆ. ಇವು ರದ್ದಿಗೆ ಹೋಗುತ್ತವೆ.

ಇನ್ನು ಗೆರೆಯ ಗುಣದ ಮಾತು. ಚುಕ್ಕಿ ರಂಗೋಲಿಯನ್ನು ಅಳೆಯಲು ಹೊರಗಿನ ಮಾನದಂಡ ಬೇಕಿಲ್ಲ, ಅದರ ಕಸುಬಿನಲ್ಲೇ ಅದಿದೆ. ಹೆಬ್ಬೆರಳು, ತೋರುಬೆರಳ ನಡುವಿಂದ ಪುಡಿ ಎಷ್ಟು ಬೀಳಬೇಕೆಂಬುದು ಕೈಯ ವೇಗದ ಮೇಲೆ ನಿಂತಿದೆ. ಕೈ ತಡವರಿಸಿದಲ್ಲಿ ಗೆರೆ ದಪ್ಪವಾಗುತ್ತದೆ, ಅವಸರಿಸಿದಲ್ಲಿ ತುಂಡಾಗುತ್ತದೆ. ಅಳಿಸಿ ತಿದ್ದುವ ಅವಕಾಶ ಕಡಿಮೆ, ಒದ್ದೆ ನೆಲದಲ್ಲಿ ಅಳಿಸಿದ ಕಲೆ ಉಳಿದುಬಿಡುತ್ತದೆ. ಚಲೋ ಕೈಯ ಗುರುತು ತಿರುವುಗಳಲ್ಲಿ ಸಿಗುತ್ತದೆ: ಚುಕ್ಕಿಯನ್ನು ಬಳಸಿ ಹೊರಳುವಾಗ ಗೆರೆಯ ಮೈ ಒಂದೇ ಸಮ ಇದೆಯೇ, ಶುರುವಾದ ಜಾಗವೂ ಮುಗಿದ ಜಾಗವೂ ಕಣ್ಣಿಗೆ ಬೀಳದಂತೆ ಕೂಡಿವೆಯೇ, ಬಿಟ್ಟ ಖಾಲಿ ನೆಲವೂ ಚಿತ್ರದ ಭಾಗವಾಗಿದೆಯೇ. ಈ ಮೂರು ಕೂಡಿಬಂದ ರಂಗೋಲಿ ಹೊಸ್ತಿಲ ಮುಂದೆ ಎರಡು ಅಡಿ ಜಾಗದಲ್ಲಿದ್ದರೂ ದೊಡ್ಡ ಚಿತ್ರ. ದಿನದ ರಂಗೋಲಿ ಬರೆಯುವ ಸಾಮಾನ್ಯ ಗೃಹಿಣಿಯ ಕೈಯಲ್ಲಿ ಇದು ಎಷ್ಟೋ ಸಲ ಕೂಡಿಬರುತ್ತದೆ. ವರ್ಷಕ್ಕೊಮ್ಮೆ ಬಣ್ಣ ತುಂಬಿ ಬರೆಯುವವರ ಕೈಯಲ್ಲಿ ಅಪರೂಪ. ಅಭ್ಯಾಸಕ್ಕೆ ಬದಲಿ ಇಲ್ಲ.

ವರ್ಷದುದ್ದಕ್ಕೂ ವಿಷಯ ಬದಲಾಗುತ್ತದೆ. ಚೈತ್ರದಲ್ಲಿ ಕೆಲವು ಮನೆಗಳ ಮುಂದೆ ಚೈತ್ರಾಂಗಣ: ತೊಟ್ಟಿಲಲ್ಲಿ ಗೌರಿ, ಸೂರ್ಯ, ಚಂದ್ರ, ಆಮೆ, ಆನೆ, ತುಳಸಿಕಟ್ಟೆ, ಶಂಖ. ಇದು ಮಹಾರಾಷ್ಟ್ರದ ರೂಢಿ. ಶ್ರಾವಣದಲ್ಲಿ ಪಂಚಮಿಯ ನಾಗ ಗೋಡೆಗೇರುತ್ತದೆ. ಚಾತುರ್ಮಾಸದಲ್ಲಿ 33 ಗೋಪದ್ಮ. ದೀಪಾವಳಿಗೆ ಸೆಗಣಿಯ ಪಾಂಡವರು. ಕಾರಹುಣ್ಣಿಮೆ ಬಂದರೆ ಎತ್ತಿನ ಕೋಡು, ಮೈಯೇ ಚಿತ್ರದ ನೆಲ, ಅಂದು ಬಣ್ಣದ ಡಬ್ಬಿ ಗಂಡಸರ ಕೈಯಲ್ಲಿ. ನನಗೆ ಎಲ್ಲಕ್ಕಿಂತ ಹಿಡಿಸುವುದು ಎಳ್ಳಮಾವಾಸ್ಯೆ. ಲಾತೂರ, ಧಾರಾಶಿವ ಜಿಲ್ಲೆಗಳಲ್ಲಿ ಇದನ್ನು ವೇಳಾ ಅಮಾವಾಸ್ಯೆ ಎಂದು ಊರಿಗೆ ಊರೇ ಹೊಲಕ್ಕೆ ಹೋಗಿ ಆಚರಿಸುತ್ತದೆ. ಜೋಳದ ದಂಟಿನ ಕೊಂಪೆ, ಅದರೊಳಗೆ ಸುಣ್ಣ ಬಳಿದ ಐದು ಕಲ್ಲುಗಳು, ಅಂಬಲಿಯ ಮಡಕೆ. ಕಲ್ಲಿನ ಮೇಲೆ ಒಂದು ಬಿಳಿ ಬಳಿತ, ಕುಂಕುಮದ ಒಂದು ಬೊಟ್ಟು, ಅಷ್ಟರಿಂದಲೇ ಅದು ಪಾಂಡವನಾಗುತ್ತದೆ. ಹಿಂಗಾರಿ ಜೋಳದ ಹಸಿರಿನ ನಡುವೆ ಇಷ್ಟು ಮಿತವಾದ ಕೈಗೆಲಸ ಬೇರೆ ಯಾವ ಹಬ್ಬದಲ್ಲೂ ಇಲ್ಲ. ಉದಗೀರದ ಮುಸ್ಲಿಂ ಓಣಿಗಳಲ್ಲಿ ಇಂಥದೇ ಬೆರಳಿನ ಹದ ಮೆಹಂದಿಯಲ್ಲಿ ಕಾಣುತ್ತದೆ. ಅದಕ್ಕೆ ಬೇರೆಯೇ ಲೇಖನ ಬೇಕು.

ಮೆಚ್ಚುಗೆ ಇಷ್ಟಾಯಿತು. ಈ ಕಲೆಯ ದೋಷ ಅದರ ಗೆರೆಯಲ್ಲಿಲ್ಲ, ಅದನ್ನು ಹಿಡಿದಿಟ್ಟ ಮನೆಯ ನಿಯಮದಲ್ಲಿದೆ. ಮನೆಯಲ್ಲಿ ಸಾವಾದರೆ ಸೂತಕ ಕಳೆಯುವತನಕ ಅಂಗಳ ಖಾಲಿ. ಅದು ದುಃಖದ ಭಾಷೆ, ಓಣಿಯವರಿಗೆಲ್ಲ ತಿಳಿಯುತ್ತದೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಗಂಡ ಸತ್ತ ಹೆಣ್ಣುಮಗಳ ಕೈಯಿಂದ ಹಬ್ಬದ ರಂಗೋಲಿ ಬೇಡ ಎನ್ನುವ ಮನೆಗಳು ಇಂದಿಗೂ ಇವೆ. ಮೂವತ್ತು ವರ್ಷ ಪಳಗಿದ ಕೈ, ಊರಲ್ಲೇ ಒಳ್ಳೆಯ ಗೆರೆ ಎಂದು ಹೆಸರಾದ ಕೈ, ಒಂದು ದಿನದಿಂದ ಮಂಗಳಕ್ಕೆ ಸಲ್ಲದ ಕೈಯಾಗುತ್ತದೆ. ಚಿತ್ರಕಾರನ ಹೆಂಡತಿ ತೀರಿಕೊಂಡರೆ ಅವನ ಕುಂಚ ಯಾರೂ ಕಸಿಯುವುದಿಲ್ಲ. ಬಸವಣ್ಣನ ಕಲ್ಯಾಣದ ನೆರಳಿನಲ್ಲಿರುವ ಊರುಗಳಲ್ಲಿ ಇದು ನಡೆಯುವುದನ್ನು ‘ರೂಢಿ’ ಎಂದು ಬಿಟ್ಟುಕೊಡಲು ನಾನು ತಯಾರಿಲ್ಲ. ಕಲೆಯ ದೃಷ್ಟಿಯಿಂದಲೂ ಇದು ದೊಡ್ಡ ನಷ್ಟ: ಕೈ ಅತಿ ಹದಕ್ಕೆ ಬಂದ ವಯಸ್ಸಿನಲ್ಲೇ ಅದನ್ನು ಕಟ್ಟಿಹಾಕುತ್ತೇವೆ.

ಮನೆ ಬದಲಾದಂತೆ ಚಿತ್ರ ಬದಲಾದ ಅತಿ ದೊಡ್ಡ ಕಥೆ 1993ರದು. ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ, ಗಣಪತಿ ಕಳಿಸಿ ಬಂದು ಜನ ಮಲಗಿದ್ದಾಗ, ಕಿಲ್ಲಾರಿ, ಸಾಸ್ತೂರ ಭಾಗದಲ್ಲಿ ಭೂಮಿ ನಡುಗಿತು. ಔಸಾ, ಉಮರ್ಗಾ ತಾಲ್ಲೂಕುಗಳು ಹೆಚ್ಚು ಪೆಟ್ಟು ತಿಂದವು. ಏಳೂವರೆ ಸಾವಿರಕ್ಕಿಂತ ಹೆಚ್ಚು ಜನ ಸತ್ತರು. ಕೊಂದದ್ದು ಮಾಳಿಗೆ ಮನೆ: ಮಣ್ಣಿನಲ್ಲಿ ಕಟ್ಟಿದ ಕಾಡುಗಲ್ಲಿನ ದಪ್ಪ ಗೋಡೆ, ಮೇಲೆ ಹೇರಿದ ಮಣ್ಣಿನ ಭಾರ. ಅದೇ ಗೋಡೆ ಪಂಚಮಿಯ ನಾಗನಿಗೆ, ಮದುವೆಯ ಸುಣ್ಣ ಕೆಮ್ಮಣ್ಣಿನ ಚಿತ್ರಕ್ಕೆ ನೆಲೆಯಾಗಿತ್ತು. 52 ಊರುಗಳನ್ನು ಬೇರೆ ಜಾಗಕ್ಕೆ ಎಬ್ಬಿಸಿದರು. ಜಮೀನಿನ ಲೆಕ್ಕದಲ್ಲಿ 250, 400, 750 ಚದರಡಿಯ ಮನೆಗಳನ್ನು ನೇರ ಸಾಲಿನಲ್ಲಿ ಕಟ್ಟಿಕೊಟ್ಟರು. ಕಟ್ಟಿದ್ದು ಸರಿಯೇ, ಜೀವ ಉಳಿಯುವುದು ಮೊದಲು. ಆದರೆ ಒಂದು ವಾಡೆಯ ಕೂಡುಕುಟುಂಬ ನಾಲ್ಕು ಮನೆಯಾಗಿ ಒಡೆಯಿತು, ಅತ್ತೆ ಬೆಳಿಗ್ಗೆ ಬರೆಯುವುದನ್ನು ಸೊಸೆ ಪಕ್ಕದಲ್ಲಿ ಕೂತು ನೋಡುವ ಪಾಠ ನಿಂತಿತು.

ಇಲ್ಲಿ ಬಿಹಾರದ ಒಂದು ನೆನಪು ಬೇಕೇ ಬೇಕು. 1934ರ ಜನವರಿಯ ಭೂಕಂಪದಲ್ಲಿ ಮಿಥಿಲೆಯ ಮನೆಗಳು ಬಿದ್ದಾಗ, ಒಳಗೋಡೆಗಳ ಚಿತ್ರಗಳು ಬಯಲಿಗೆ ಬಂದವು. ನಷ್ಟ ನೋಡಲು ಹೋದ ಅಧಿಕಾರಿ ಡಬ್ಲ್ಯು. ಜಿ. ಆರ್ಚರ್ ಅವುಗಳನ್ನು ಕಂಡ, ಫೋಟೊ ತೆಗೆದ, 1949ರಲ್ಲಿ ‘ಮಾರ್ಗ್’ ಪತ್ರಿಕೆಯಲ್ಲಿ ಬರೆದ. ಮಧುಬನಿ ಎಂಬ ಹೆಸರು ಜಗತ್ತಿಗೆ ತಲುಪಿದ ದಾರಿ ಅಲ್ಲಿಂದ ಶುರು. ಬಂಗಾಳದ ಆಲ್ಪನಾ ಬಗ್ಗೆ ಅವನೀಂದ್ರನಾಥ ಠಾಕೂರರು ಪುಸ್ತಕ ಬರೆದರು, ಶಾಂತಿನಿಕೇತನ ಅದನ್ನು ಪಾಠವಾಗಿ ಕಲಿಸಿತು. ನಮ್ಮದೇ ಮಲೆನಾಡಿನ ದೀವರ ಹಸೆ ಚಿತ್ತಾರಕ್ಕೆ ನೋಡುವ ಕಣ್ಣುಗಳು ಸಿಕ್ಕವು. ಕಿಲ್ಲಾರಿಯ ಗೋಡೆಗಳು ಬಿದ್ದಾಗ ಅಂಥ ಹೆಸರೊಂದು ಮೇಲೆ ಬರಲಿಲ್ಲ.

ಗೋಡೆ ಹೋದ ಮೇಲೆ ನೆಲವೂ ಬದಲಾಯಿತು. ಸಾರಿಸಿದ ನೆಲದ ಕಪ್ಪುಹಸಿರಿನ ಮೇಲೆ ಬಿಳಿ ಗೆರೆ ಎದ್ದು ಕಾಣುತ್ತಿತ್ತು, ಪುಡಿ ಹಿಡಿದು ಕೂರುತ್ತಿತ್ತು. ಕಲಬುರಗಿ ಜಿಲ್ಲೆಯಿಂದ ಬಂದ ಶಹಾಬಾದಿ ಫರಸಿಯ ಬೂದು ಬಣ್ಣ ಅದಕ್ಕೆ ಇನ್ನೂ ಒಗ್ಗುತ್ತದೆ. ನುಣುಪು ಟೈಲ್ಸ್ ಮೇಲೆ ಪುಡಿ ಜಾರುತ್ತದೆ, ಗಾಳಿಗೆ ಹಾರುತ್ತದೆ. ಅದಕ್ಕೇ ಅಚ್ಚಿನ ಜರಡಿ, ತೂತಿನ ಕೊಳವೆ, ಕೊನೆಗೆ ಅಂಟಿಸುವ ಸ್ಟಿಕರ್. ಪುಣೆಯಲ್ಲಿ, ಹೈದರಾಬಾದಿನಲ್ಲಿ ನೌಕರಿ ಹಿಡಿದ ಮಕ್ಕಳ ಫ್ಲಾಟಿನ ಬಾಗಿಲಲ್ಲಿ ಇದೇ ಉಳಿದಿದೆ. ಬೆಳಿಗ್ಗೆ ಏಳಕ್ಕೆ ಬಸ್ಸು ಹಿಡಿಯುವ ಹೆಣ್ಣುಮಗಳನ್ನು ಸ್ಟಿಕರ್‌ಗಾಗಿ ಬೈಯುವ ಹಕ್ಕು ನಮಗಿಲ್ಲ. ಸ್ಟಿಕರ್ ಚಿತ್ರವಲ್ಲ ಎಂದು ಹೇಳುವ ಹಕ್ಕು ವಿಮರ್ಶೆಗೆ ಇದೆ. ಎಣ್ಣೆಬಣ್ಣದಲ್ಲಿ ಒಮ್ಮೆ ಬರೆದು ವರ್ಷಗಟ್ಟಲೆ ಬಿಡುವುದಕ್ಕೂ ಇದೇ ಮಾತು: ನಾಳೆ ಮತ್ತೆ ಬರೆಯಬೇಕೆಂಬ ಒತ್ತಾಯ ಹೋದರೆ ಕೈ ಜಡ್ಡುಗಟ್ಟುತ್ತದೆ.

ಕಲಿತ ಹುಡುಗಿಯರ ದಾರಿ ಬೇರೆ. ಮಹಾರಾಷ್ಟ್ರದ ಸಾಲಿಗಳಲ್ಲಿ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಎರಡು ಡ್ರಾಯಿಂಗ್ ಪರೀಕ್ಷೆಗಳಿವೆ, ಕರ್ನಾಟಕದಲ್ಲಿ ಲೋಯರ್, ಹೈಯರ್ ಗ್ರೇಡ್. ವಸ್ತುಚಿತ್ರ, ಸ್ಮೃತಿಚಿತ್ರ, ವಿನ್ಯಾಸ, ರೇಖಾಗಣಿತ ಕಲಿತ ಹುಡುಗಿ ಹಾಳೆಯ ಮೇಲೆ ನೆರಳು, ಬೆಳಕು ತರುತ್ತಾಳೆ. ಇದು ಗಳಿಕೆ. ಆದರೆ ಅವ್ವನ ಚುಕ್ಕಿಯಲ್ಲಿರುವ ಗಣಿತವೂ ವಿನ್ಯಾಸದ ಪಾಠವೇ ಎಂದು ಹೇಳಿಕೊಡುವ ಗುರುಗಳು ಕಡಿಮೆ. ಹೀಗಾಗಿ ಹುಡುಗಿ ಎರಡೂ ದಂಡೆಗಳ ನಡುವೆ ನಿಂತು ಸ್ಪರ್ಧೆಯ ಭಾವಚಿತ್ರ ರಂಗೋಲಿಗೆ ಹೋಗುತ್ತಾಳೆ: ಶಿವಾಜಿ ಮಹಾರಾಜರು, ಬಸವಣ್ಣ, ಅಂಬೇಡ್ಕರ್, ಸಿನಿಮಾ ನಟಿ. ಫೋಟೊ ಇಟ್ಟುಕೊಂಡು, ಪುಡಿಯನ್ನು ಪದರ ಪದರವಾಗಿ ಉದುರಿಸಿ, ಮುಖದ ಸುಕ್ಕನ್ನೂ ಬಿಡದೆ ಮೂಡಿಸುವ ಶ್ರಮ ಅಪಾರ. ಆ ಶ್ರಮಕ್ಕೆ ನನ್ನ ಗೌರವವಿದೆ, ಫಲಕ್ಕೆ ಮೆಚ್ಚುಗೆ ಇಲ್ಲ. ಫೋಟೊ ಮಾಡಬಲ್ಲ ಕೆಲಸವನ್ನೇ ಪುಡಿಗೆ ವಹಿಸಿದರೆ ಪುಡಿಯ ಸ್ವಂತ ಗುಣ ಹಿಂದೆ ಸರಿಯುತ್ತದೆ. ಕಲಬುರಗಿಯಲ್ಲಿ ಹುಟ್ಟಿದ ಎಸ್. ಎಂ. ಪಂಡಿತರ ಕ್ಯಾಲೆಂಡರ್ ದೇವರುಗಳು ಈ ಸೀಮೆಯ ಕಣ್ಣನ್ನು ಗಾಢವಾಗಿ ತಿದ್ದಿವೆ. ಅವರಿಗೆ ಎಣ್ಣೆಬಣ್ಣದ ಮೇಲೆ ಅಸಾಧಾರಣ ಹಿಡಿತವಿತ್ತು. ಆ ಮೈಕಟ್ಟು, ಆ ಹೊಳಪನ್ನು ನೆಲಕ್ಕಿಳಿಸುವ ಯತ್ನದಲ್ಲಿ ಹೊಳಪೂ ಬರುವುದಿಲ್ಲ, ನೆಲವೂ ಕಾಣುವುದಿಲ್ಲ. ಐದೂ ಬೆರಳಿನಿಂದ ದೊಡ್ಡ ವರ್ತುಲ ಎಳೆಯುವ ಸಂಸ್ಕಾರ ಭಾರತಿ ಶೈಲಿ ಇದಕ್ಕಿಂತ ವಾಸಿ. ಅದರಲ್ಲಿ ತೋಳಿನ ಬೀಸು ಉಂಟು, ಮೆರವಣಿಗೆಯ ರಸ್ತೆಗೆ ಒಪ್ಪುತ್ತದೆ. ಮನೆಯಂಗಳದ ಸೂಕ್ಷ್ಮ ಅದರಲ್ಲಿಲ್ಲ.

ನನ್ನ ತೀರ್ಮಾನ ಸ್ಪಷ್ಟವಿದೆ. ಈ ಮೂರು ತಾಲ್ಲೂಕುಗಳ ಹವ್ಯಾಸಿ ಚಿತ್ರಕಲೆಯಲ್ಲಿ ಮೇಲ್ಪಂಕ್ತಿಯದು ದಿನದ ಚುಕ್ಕಿ ರಂಗೋಲಿ ಮತ್ತು ಎಳ್ಳಮಾವಾಸ್ಯೆಯ ಹೊಲದ ಕೆಲಸ. ಬಹುಮಾನ ಮಾತ್ರ ಹೋಗುತ್ತಿರುವುದು ಭಾವಚಿತ್ರಕ್ಕೆ. ಸ್ಪರ್ಧೆ ನಡೆಸುವವರು ಬಣ್ಣವಿಲ್ಲದ, ಕೈಯಿಂದಲೇ ಎಳೆದ, ಚುಕ್ಕಿ ಲೆಕ್ಕದ ರಂಗೋಲಿಗೆ ಬೇರೆ ಬಹುಮಾನ ಇಡಲಿ, ಅದರಲ್ಲಿ ವಿಧವೆಯರನ್ನು ಹೆಸರು ಹಿಡಿದು ಕರೆಯಲಿ. ಬೀದರ, ಕಲಬುರಗಿಯ ಚಿತ್ರಕಲಾ ಕಾಲೇಜುಗಳ ವಿದ್ಯಾರ್ಥಿಗಳು ರೈಲಿನಲ್ಲಿ ಉದಗೀರಕ್ಕೆ, ಬಸ್ಸಿನಲ್ಲಿ ಉಮರ್ಗಾ, ನಿಲಂಗಾಕ್ಕೆ ಹೋಗಿ ಈ ವಹಿಗಳ ಹಾಳೆ ಹಾಳೆಯನ್ನೂ ಒಪ್ಪಿಗೆ ಪಡೆದು ಫೋಟೊ ತೆಗೆಯಲಿ. ಬರೆದವಳ ಹೆಸರು, ತವರೂರು, ಗಂಡನ ಮನೆ, ವರ್ಷ ನಮೂದಿಸಲಿ. ಈ ಲೇಖನ ಓದಿದವರ ಮನೆಯಲ್ಲಿ ಅಂಥ ವಹಿ ಇದ್ದರೆ ಈ ಸಲದ ದೀಪಾವಳಿ ಸ್ವಚ್ಛತೆಯಲ್ಲಿ ಅದನ್ನು ರದ್ದಿಗೆ ಹಾಕಬೇಡಿ. ಮೊದಲ ಹಾಳೆಯಲ್ಲಿ ಬರೆದವರ ಹೆಸರು ಬರೆಯಿರಿ.